ಆಟ, ಚೌಕಟ್ಟು ಮತ್ತು ನಂಬಿಕೆ: ಛಾಯಾಚಿತ್ರ ಮಾರ್ಪಾಟಿನ ಸ್ನೇಹಸ್ಪರ್ಧೆಗಳನ್ನು ಕುರಿತು ಒಂದು ವಿವೇಚನೆ

ಛಾಯಾಚಿತ್ರ ಕಲೆಯ ವಿಮರ್ಶೆಯಲ್ಲಿ 'ಮಾರ್ಪಾಟು' ಎಂಬ ಪದವು ಬಹುಮಟ್ಟಿಗೆ ದೋಷಸೂಚಕವಾಗಿಯೇ ಬಳಕೆಯಾಗುತ್ತ ಬಂದಿದೆ. ಇದಕ್ಕೆ ಸಕಾರಣವೂ ಉಂಟು. ಸುದ್ದಿಚಿತ್ರವೊಂದನ್ನು ತಿದ್ದಿದಾಗ ಭಂಗವಾಗುವುದು ಒಂದು ಚಿತ್ರದ ಮರ್ಯಾದೆ ಮಾತ್ರವಲ್ಲ, ಓದುಗರು ಪತ್ರಿಕೆಯ ಮೇಲೆ ಇರಿಸಿದ ವಿಶ್ವಾಸವೂ ಹೌದು. 2006ರ ಆಗಸ್ಟ್‌ನಲ್ಲಿ ಲೆಬನಾನ್ ಯುದ್ಧದ ಚಿತ್ರವೊಂದರಲ್ಲಿ ಹೊಗೆಯನ್ನು ಕೃತಕವಾಗಿ ದಟ್ಟಗೊಳಿಸಿದ್ದು ಬಯಲಾದಾಗ, ರಾಯಿಟರ್ಸ್ ಸಂಸ್ಥೆಯು ಆ ಛಾಯಾಗ್ರಾಹಕನ 920 ಚಿತ್ರಗಳನ್ನೂ ತನ್ನ ಮಾರಾಟದ ಸಂಗ್ರಹದಿಂದ ಹಿಂತೆಗೆದುಕೊಂಡಿತು. ಆದರೆ ಮಾರ್ಪಾಟಿಗೆ ಇನ್ನೊಂದು ಮುಖವೂ ಇದೆ. ಮಾಡುವವನಿಗೂ ನೋಡುವವನಿಗೂ ಚಿತ್ರವು ಕಟ್ಟಿದ್ದೆಂಬುದು ಮೊದಲೇ ಗೊತ್ತಿದ್ದು, ಆ ತಿಳಿವಳಿಕೆಯೇ ಸಂತೋಷದ ಮೂಲವಾಗುವ ಸಂದರ್ಭ ಅದು. ಅಂತರಜಾಲದ ಹವ್ಯಾಸಿ ಬಳಗಗಳಲ್ಲಿ ಹೊಸ ಶತಮಾನದ ಆರಂಭದಿಂದ ನಡೆದುಬಂದ ಛಾಯಾಚಿತ್ರ ಮಾರ್ಪಾಟಿನ ಸ್ನೇಹಸ್ಪರ್ಧೆಗಳು ಈ ವರ್ಗಕ್ಕೆ ಸೇರುತ್ತವೆ. ಕಲಾವಿಮರ್ಶೆಯು ಇವುಗಳನ್ನು ಕಾಲಹರಣವೆಂದು ಬದಿಗಿರಿಸಿದ್ದೇ ಹೆಚ್ಚು. ಚಿತ್ರ ಮತ್ತು ನಂಬಿಕೆಯ ಸಂಬಂಧವನ್ನು ಅರಿಯಲು ಇವು ಒದಗಿಸುವಷ್ಟು ಸ್ಪಷ್ಟವಾದ ಸಾಮಗ್ರಿಯು ಬೇರೆಡೆ ದೊರೆಯುವುದು ವಿರಳ.

ಇಂತಹ ಸ್ಪರ್ಧೆಯ ರಚನೆ ಸರಳವಾದುದು. ನಿರ್ವಾಹಕನು ಒಂದು ಮೂಲಚಿತ್ರವನ್ನೋ ಒಂದು ವಿಷಯವನ್ನೋ ಮುಂದಿಡುತ್ತಾನೆ. ನಿಗದಿತ ಅವಧಿಯೊಳಗೆ ಸ್ಪರ್ಧಿಗಳು ಅದನ್ನು ಕತ್ತರಿಸಿ, ಜೋಡಿಸಿ, ಬಣ್ಣ ಬದಲಿಸಿ, ಬೇರೆ ಚಿತ್ರಗಳೊಡನೆ ಬೆಸೆದು ತಮ್ಮ ಕೃತಿಯನ್ನು ಸಲ್ಲಿಸುತ್ತಾರೆ. ಉಳಿದವರು ಮತ ನೀಡುತ್ತಾರೆ. ಬಹುಮಾನವೆಂದರೆ ಬಹುತೇಕ ಹೊಗಳಿಕೆಯಷ್ಟೇ. ಇದಕ್ಕೆ ಬೇಕಾದ ಉಪಕರಣವನ್ನು ಒದಗಿಸಿದ್ದು ಥಾಮಸ್ ನಾಲ್ ಮತ್ತು ಜಾನ್ ನಾಲ್ ಸೋದರರು ರೂಪಿಸಿ ಅಡೋಬಿ ಸಂಸ್ಥೆಯು 1990ರಲ್ಲಿ ಬಿಡುಗಡೆ ಮಾಡಿದ ಫೋಟೋಶಾಪ್ ತಂತ್ರಾಂಶ. 1994ರ ಮೂರನೆಯ ಆವೃತ್ತಿಯಲ್ಲಿ 'ಲೇಯರ್' ಎಂಬ ಪದರಗಳ ಸೌಲಭ್ಯ ಬಂದ ಮೇಲೆ, ಒಂದು ಭಾಗವನ್ನು ಕೆಡಿಸದೆ ಇನ್ನೊಂದನ್ನು ತಿದ್ದುವುದು ಹವ್ಯಾಸಿಗಳಿಗೂ ಸಾಧ್ಯವಾಯಿತು. ಕತ್ತಲಕೋಣೆಯಲ್ಲಿ ವರ್ಷಗಟ್ಟಲೆ ದುಡಿದು ಗಳಿಸಬೇಕಿದ್ದ ಕೌಶಲದ ಒಂದು ಅಂಶ ಹೀಗೆ ಮನೆಯ ಮೇಜಿನ ಮೇಲೆ ಬಂದು ಕುಳಿತಿತು.

ಈ ಸ್ಪರ್ಧೆಗಳನ್ನು ಛಾಯಾಗ್ರಹಣದ ಸಲೂನ್‌ಗಳೊಡನೆ ಹೋಲಿಸಿದರೆ ಒಂದು ಮುಖ್ಯ ವ್ಯತ್ಯಾಸ ಕಂಡುಬರುತ್ತದೆ. ಅಂತರರಾಷ್ಟ್ರೀಯ ಮನ್ನಣೆ ಪಡೆದ ಸಲೂನ್‌ಗಳಲ್ಲಿ ನಿಸರ್ಗ ವಿಭಾಗದ ಚಿತ್ರಕ್ಕೆ ಏನನ್ನೂ ಸೇರಿಸುವಂತಿಲ್ಲ. ಮಾರ್ಪಾಟಿಗೆ ಅವಕಾಶವಿರುವ ವಿಭಾಗಗಳಲ್ಲಿಯೂ ಜೋಡಿಸಿದ ಎಲ್ಲ ಭಾಗಗಳೂ ಸ್ಪರ್ಧಿಯೇ ಸೆರೆಹಿಡಿದವಾಗಿರಬೇಕು. ಅಲ್ಲಿ ಕರ್ತೃತ್ವವು ಸಾಮಗ್ರಿಯಿಂದಲೇ ಆರಂಭವಾಗುತ್ತದೆ. ಸ್ನೇಹಸ್ಪರ್ಧೆಯಲ್ಲಿ ಇದು ತಲೆಕೆಳಗಾಗಿದೆ: ಸಾಮಗ್ರಿ ಎಲ್ಲರಿಗೂ ಸಮಾನ, ಸ್ವಂತದ್ದು ಯುಕ್ತಿ ಮಾತ್ರ. ಕನ್ನಡ ಓದುಗರಿಗೆ ಇದು ಅಪರಿಚಿತ ಕಲ್ಪನೆಯಲ್ಲ. ಅವಧಾನ ಕಲೆಯ ಸಮಸ್ಯಾಪೂರಣದಲ್ಲಿ ಪೃಚ್ಛಕನು ಅಸಂಗತವೂ ಕೆಲವೊಮ್ಮೆ ಅಸಭ್ಯವೂ ಆಗಿ ತೋರುವ ಪದ್ಯಪಾದವೊಂದನ್ನು ಕೊಡುತ್ತಾನೆ. ಅವಧಾನಿಯು ಉಳಿದ ಪಾದಗಳನ್ನು ರಚಿಸಿ ಅದಕ್ಕೆ ಸಂಗತಿ ಕಲ್ಪಿಸುತ್ತಾನೆ. ಕೊಟ್ಟ ಪಾದವು ಅವಧಾನಿಯದಲ್ಲ. ಆದರೂ ಪೂರ್ಣಗೊಂಡ ಪದ್ಯ ಅವನದೇ. ಸಭೆ ಮೆಚ್ಚುವುದು ಪಾದವನ್ನಲ್ಲ, ಅದನ್ನು ದಾಟಿದ ಬಗೆಯನ್ನು. ಮಾರ್ಪಾಟಿನ ಸ್ಪರ್ಧೆಯನ್ನು ದೃಶ್ಯದ ಸಮಸ್ಯಾಪೂರಣ ಎಂದು ಕರೆದರೆ ಅದು ಅತ್ಯುಕ್ತಿಯಾಗಲಾರದು. ಎರಡರಲ್ಲಿಯೂ ಸಮಸ್ಯೆ ತಿಳಿದಿದ್ದರೆ ಮಾತ್ರ ಪರಿಹಾರದ ಸ್ವಾರಸ್ಯ ತಿಳಿಯುತ್ತದೆ.

ಕಟ್ಟಿದ ಛಾಯಾಚಿತ್ರದ ಇತಿಹಾಸವು ಕಂಪ್ಯೂಟರಿಗಿಂತ ಬಹಳ ಹಳೆಯದು. 1839ರಲ್ಲಿ ಡಾಗೇರನ ಆವಿಷ್ಕಾರಕ್ಕೆ ಫ್ರಾನ್ಸಿನ ಮನ್ನಣೆ ದೊರೆತು ತನ್ನದು ಕಡೆಗಣಿಸಲ್ಪಟ್ಟಿತೆಂದು ನೊಂದ ಇಪ್ಪೊಲಿತ್ ಬಯಾರ್ 1840ರಲ್ಲಿ ತನ್ನನ್ನೇ ನೀರಿನಲ್ಲಿ ಮುಳುಗಿ ಸತ್ತ ಶವವಾಗಿ ಚಿತ್ರಿಸಿಕೊಂಡನು. ಚಿತ್ರದ ಬೆನ್ನಿಗೆ ತನ್ನ ಸಾವಿನ ವ್ಯಂಗ್ಯಭರಿತ ವರದಿಯನ್ನೂ ಬರೆದನು. ಸತ್ತವನೇ ಬರೆದ ಮರಣವಾರ್ತೆಯನ್ನು ನಂಬುವುದು ಅಸಾಧ್ಯ. ಸುಳ್ಳೇ ತನ್ನ ಸುಳ್ಳುತನವನ್ನು ಸಾರಿದ ಮೊದಮೊದಲ ಛಾಯಾಚಿತ್ರಗಳಲ್ಲಿ ಇದೊಂದು. ಆಸ್ಕರ್ ರೈಲಾಂಡರ್ 1857ರಲ್ಲಿ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಬೆಸೆದು ಬದುಕಿನ ಎರಡು ದಾರಿಗಳ ರೂಪಕಚಿತ್ರವನ್ನು ರಚಿಸಿದಾಗಲೂ, ಅದರ ನಾಟಕೀಯ ವಿನ್ಯಾಸವೇ ಇದು ಕಂಡದ್ದಲ್ಲ, ಕಟ್ಟಿದ್ದು ಎಂದು ಹೇಳುತ್ತಿತ್ತು. ಮರುವರ್ಷ ಹೆನ್ರಿ ಪೀಚ್ ರಾಬಿನ್ಸನ್ ಐದು ನೆಗೆಟಿವ್‌ಗಳಿಂದ ಸಾಯುತ್ತಿರುವ ತರುಣಿಯ ಚಿತ್ರವನ್ನು ರಚಿಸಿದನು. ಅದು ಮನೆಯೊಳಗಿನ ನಿಜವಾದ ದುಃಖದಂತೆ ಕಾಣುತ್ತಿದ್ದುದರಿಂದ ಆಕ್ಷೇಪಕ್ಕೆ ಗುರಿಯಾಯಿತು. ತಂತ್ರ ಎರಡರಲ್ಲಿಯೂ ಒಂದೇ. ಬೇರೆಯಾದುದು ಚಿತ್ರವು ತನ್ನ ಬಗ್ಗೆ ನೀಡುವ ಸೂಚನೆ.

ಭಾರತೀಯ ಸ್ಟುಡಿಯೋಗಳ ಪರಂಪರೆಯಲ್ಲಿಯೂ ಇಂತಹ ಸೂಚನೆಗಳಿಗೆ ಕೊರತೆಯಿಲ್ಲ. ಬಣ್ಣ ಬಳಿದ ಭಾವಚಿತ್ರಗಳು, ಪರದೆಯ ಮೇಲಿನ ಅರಮನೆ ಮತ್ತು ಸರೋವರಗಳು, ಜಾತ್ರೆಯ ಸ್ಟುಡಿಯೋದ ರಟ್ಟಿನ ಕಾರು ಇವೆಲ್ಲ ಇಚ್ಛೆಯ ಚಿತ್ರಗಳೇ ಹೊರತು ದಾಖಲೆಗಳಲ್ಲ. ಮಧ್ಯಪ್ರದೇಶದ ನಾಗದಾ ಪಟ್ಟಣದ ಸ್ಟುಡಿಯೋಗಳನ್ನು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಕ್ರಿಸ್ಟೋಫರ್ ಪಿನ್ನಿ, 1997ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಒಬ್ಬನೇ ವ್ಯಕ್ತಿಯನ್ನು ಎರಡಾಗಿ ತೋರಿಸುವ ಚಿತ್ರಗಳನ್ನೂ ಜೋಡಣೆಗಳನ್ನೂ ವಿವರವಾಗಿ ಚರ್ಚಿಸಿದ್ದಾನೆ. ರಟ್ಟಿನ ಕಾರಿನಲ್ಲಿ ಕುಳಿತ ಚಿತ್ರವನ್ನು ಗೋಡೆಗೆ ತೂಗುಹಾಕಿದವನು ನೆರೆಯವರಿಗೆ ಕಾರು ಕೊಂಡೆನೆಂದು ಸುಳ್ಳು ಹೇಳುತ್ತಿರಲಿಲ್ಲ. ನೆರೆಯವರೂ ಹಾಗೆ ತಿಳಿಯುತ್ತಿರಲಿಲ್ಲ.

ಈ ಪರಸ್ಪರ ತಿಳಿವಳಿಕೆಗೆ ಭಾರತೀಯ ಕಾವ್ಯಮೀಮಾಂಸೆಯಲ್ಲಿ ಒಂದು ಸಮರ್ಥವಾದ ಪರಿಭಾಷೆಯಿದೆ. ರಸಸೂತ್ರವನ್ನು ವ್ಯಾಖ್ಯಾನಿಸಿದ ಶ್ರೀಶಂಕುಕನು, ರಂಗದ ಮೇಲಿನ ನಟನನ್ನು ರಾಮನೆಂದು ಕಾಣುವ ಪ್ರತೀತಿಯು ಸಮ್ಯಕ್ ಜ್ಞಾನವೂ ಅಲ್ಲ, ಮಿಥ್ಯಾಜ್ಞಾನವೂ ಅಲ್ಲ, ಸಂಶಯವೂ ಅಲ್ಲ, ಸಾದೃಶ್ಯವೂ ಅಲ್ಲ. ಅದು ಚಿತ್ರದ ಕುದುರೆಯನ್ನು ಕುದುರೆಯೆಂದು ಕಾಣುವಂತಹ ವಿಲಕ್ಷಣ ಪ್ರತೀತಿ ಎಂದನು. ಚಿತ್ರತುರಗನ್ಯಾಯವೆಂದು ಪ್ರಸಿದ್ಧವಾದ ಈ ಮತವನ್ನು ಉಳಿಸಿಕೊಟ್ಟಿರುವುದು ಅಭಿನವಗುಪ್ತನ ವ್ಯಾಖ್ಯಾನ. ಶಂಕುಕನ ಅನುಕರಣವಾದವನ್ನು ಅಲ್ಲಿ ಖಂಡಿಸಲಾಗಿದೆ ಎಂಬುದು ನಿಜ. ಆದರೆ ನಂಬದೆಯೂ ನಿರಾಕರಿಸದೆಯೂ ನೋಡುವ ಒಂದು ಸ್ಥಿತಿಯಿದೆ ಎಂಬ ಆತನ ಗ್ರಹಿಕೆ ಈ ಚರ್ಚೆಗೆ ಉಪಯುಕ್ತವಾಗಿಯೇ ಉಳಿಯುತ್ತದೆ. ಸ್ಪರ್ಧೆಯ ಮಾರ್ಪಾಟುಚಿತ್ರವು ಬದುಕುವುದು ಈ ಸ್ಥಿತಿಯಲ್ಲಿ. ಅದಕ್ಕೆ ರಂಗವೊಂದು ಬೇಕು. ಸ್ಪರ್ಧೆಯ ವಿಷಯಸೂಚಿ, ಸಲ್ಲಿಕೆಗಳ ಸಾಲು, ಮತದಾನ ಇವೇ ಅದರ ರಂಗ.

ಆ ರಂಗದಿಂದ ಚಿತ್ರವು ಹೊರಬಂದಾಗ ಏನಾಗುತ್ತದೆ ಎಂಬುದಕ್ಕೆ ಅತ್ಯುತ್ತಮ ನಿದರ್ಶನವೊಂದು ಭಾರತಕ್ಕೂ ಸಂಬಂಧಿಸಿದೆ. 2002ರಲ್ಲಿ ಆರಂಭವಾದ 'ವರ್ತ್1000' ಎಂಬ ಅಂತರಜಾಲ ತಾಣವು ಅದೇ ವರ್ಷ ಪುರಾತತ್ತ್ವದ ವೈಚಿತ್ರ್ಯಗಳನ್ನು ಕುರಿತು ಸ್ಪರ್ಧೆಯೊಂದನ್ನು ನಡೆಸಿತು. ಉತ್ಖನನದಲ್ಲಿ ದೊರೆತಂತೆ ಕಾಣುವ ಅಸಂಭವ ವಸ್ತುವೊಂದನ್ನು ಸೃಷ್ಟಿಸುವುದೇ ಅದರ ಸಮಸ್ಯೆ. ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕ್‌ನಲ್ಲಿ 2000ದಲ್ಲಿ ನಡೆದ, ಆನೆಯನ್ನು ಹೋಲುವ ಮ್ಯಾಸ್ಟೊಡಾನ್ ಎಂಬ ಲುಪ್ತ ಪ್ರಾಣಿಯ ಉತ್ಖನನದ ಚಿತ್ರವನ್ನು ತೆಗೆದುಕೊಂಡ ಸ್ಪರ್ಧಿಯೊಬ್ಬನು, ಪ್ರಾಣಿಯ ಅವಶೇಷಗಳ ಜಾಗದಲ್ಲಿ ಮಾನವನ ಅಸ್ಥಿಪಂಜರವನ್ನು ಕೂರಿಸಿದನು. ಸುತ್ತಲಿನ ಮನುಷ್ಯರ ಅಳತೆಯು ಹಾಗೆಯೇ ಉಳಿದುದರಿಂದ ಅಸ್ಥಿಪಂಜರವು ದೈತ್ಯಾಕಾರ ತಾಳಿತು. ಸ್ಪರ್ಧೆಯಲ್ಲಿ ಅದಕ್ಕೆ ದೊರೆತದ್ದು ಮೂರನೆಯ ಸ್ಥಾನ. ನೋಡಿದವರು ಮೆಚ್ಚಿದರು, ಯಾರೂ ಮೋಸಹೋಗಲಿಲ್ಲ.

ಅನಂತರ ಆ ಚಿತ್ರವು ಶೀರ್ಷಿಕೆಯನ್ನು ಕಳಚಿಕೊಂಡು ಇ-ಅಂಚೆಯಲ್ಲಿ ಸಂಚರಿಸತೊಡಗಿತು. 2004ರ ಏಪ್ರಿಲ್‌ನಲ್ಲಿ ಬಾಂಗ್ಲಾದೇಶದ ಪತ್ರಿಕೆಯೊಂದರಲ್ಲಿ ಅದು ಅರಬ್ಬಿ ಮರುಭೂಮಿಯಲ್ಲಿ ದೊರೆತ ಆದ್ ಜನಾಂಗದ ಅವಶೇಷವೆಂಬ ಸುದ್ದಿಯಾಯಿತು. 2007ರ ಮಾರ್ಚ್‌ನಲ್ಲಿ ಮುಂಬಯಿಯ ಮಾಸಪತ್ರಿಕೆಯೊಂದರ ಪ್ರಕಾರ, ಉತ್ತರ ಭಾರತದಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ತಂಡವು ಸೇನೆಯ ನೆರವಿನಿಂದ ಮಹಾಭಾರತದ ಮಹಾಕಾಯರ ಕುಲಕ್ಕೆ ಸೇರಿದ ಅಸ್ಥಿಪಂಜರವನ್ನು ಕಂಡುಹಿಡಿದಿತ್ತು. ಘಟೋತ್ಕಚನ ಹೆಸರೂ ಅದಕ್ಕೆ ಅಂಟಿಕೊಂಡಿತು. ನ್ಯಾಷನಲ್ ಜಿಯಾಗ್ರಫಿಕ್ ಸಂಸ್ಥೆಯು 2007ರ ಡಿಸೆಂಬರ್‌ನಲ್ಲಿ ಚಿತ್ರದ ಮೂಲವನ್ನು ವಿವರಿಸಿ ವರದಿ ಪ್ರಕಟಿಸಿತು. ತನ್ನ ಸುದ್ದಿ ತಪ್ಪೆಂದು ಮಾಸಪತ್ರಿಕೆಯೂ ಒಪ್ಪಿ ಹಿಂತೆಗೆದುಕೊಂಡಿತು. ಆದರೂ ಚಿತ್ರದ ಸಂಚಾರ ನಿಲ್ಲಲಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಒಂದೇ ಚಿತ್ರವು ಎರಡು ಭಿನ್ನ ಧಾರ್ಮಿಕ ಪರಂಪರೆಗಳ ಕಥನಗಳಿಗೆ ಸಾಕ್ಷ್ಯವಾಗಿ ನಿಂತದ್ದು. ಚಿತ್ರದಲ್ಲಿ ಎರಡರ ಗುರುತೂ ಇರಲಿಲ್ಲ. ನೋಡುವವರು ತಮ್ಮಲ್ಲಿ ಮೊದಲೇ ಇದ್ದ ಕಥೆಯನ್ನು ಅದರಲ್ಲಿ ಕಂಡರು. ಯಕ್ಷಗಾನದಲ್ಲಿ ರಾಕ್ಷಸವೇಷವು ಬಣ್ಣ ತುಂಬಿದ ಮುಖದೊಡನೆ ಅಬ್ಬರಿಸುತ್ತ ಬಂದಾಗ ಪ್ರೇಕ್ಷಕನು ಬೆಚ್ಚುತ್ತಾನೆ, ಸಂತೋಷಪಡುತ್ತಾನೆ; ರಾಕ್ಷಸರ ಅಸ್ತಿತ್ವಕ್ಕೆ ಪುರಾವೆ ದೊರೆಯಿತೆಂದು ಭಾವಿಸುವುದಿಲ್ಲ. ಪುರಾಣವು ಅಲ್ಲಿ ಪುರಾಣವಾಗಿಯೇ ಘನತೆ ಪಡೆಯುತ್ತದೆ. ಅದಕ್ಕೆ ಮೂಳೆಯ ಪುರಾವೆ ಒದಗಿಸಹೊರಟ ಸುದ್ದಿಯು ಪುರಾಣವನ್ನು ಎತ್ತಿಹಿಡಿಯಲಿಲ್ಲ. ಸುಲಭವಾಗಿ ಸುಳ್ಳಾಗಬಲ್ಲ ಸಂಗತಿಯ ಮಟ್ಟಕ್ಕೆ ಅದನ್ನು ಇಳಿಸಿತು. ನಷ್ಟವಾದುದು ಪುರಾತತ್ತ್ವಕ್ಕೆ ಮಾತ್ರವಲ್ಲ, ಕಥೆಗೂ ಹೌದು.

ಹಾಗಾದರೆ ಹೊಣೆ ಯಾರದು? ಸ್ಪರ್ಧಿಯು ಮೋಸ ಮಾಡಲಿಲ್ಲ. ಮಾರ್ಪಾಟನ್ನು ಮಾರ್ಪಾಟೆಂದೇ ಸಲ್ಲಿಸಿದನು. ಚೌಕಟ್ಟನ್ನು ಕಳಚಿದವರೂ ಪರಿಶೀಲಿಸದೆ ಪ್ರಕಟಿಸಿದವರೂ ನೈತಿಕವಾಗಿ ಹೊಣೆಗಾರರು. ಆದರೆ ವಿಮರ್ಶೆಯು ಈ ತೀರ್ಪಿನೊಂದಿಗೆ ನಿಲ್ಲುವಂತಿಲ್ಲ. ಈ ಕೃತಿಯಲ್ಲಿ ಚೌಕಟ್ಟು ಸಂಪೂರ್ಣವಾಗಿ ಚಿತ್ರದ ಹೊರಗಿತ್ತು. ಬೆಳಕು, ನೆರಳು, ಮಣ್ಣಿನ ತೇವ, ಪರಿಪ್ರೇಕ್ಷ್ಯ ಇವುಗಳನ್ನು ಹೊಂದಿಸಿ ಜೋಡಣೆಯ ಗುರುತನ್ನು ಅಳಿಸುವುದೇ ಅದರ ಸಾಧನೆಯಾಗಿತ್ತು. ಬಯಾರ್‌ನ ಶವವು ತನ್ನ ಅಸಂಭವವನ್ನು ಬೆನ್ನ ಮೇಲೆಯೇ ಹೊತ್ತಿತ್ತು. ರೈಲಾಂಡರನ ರೂಪಕವು ತನ್ನ ನಾಟಕೀಯತೆಯನ್ನು ಮೈಯಲ್ಲಿಯೇ ಧರಿಸಿತ್ತು. ದೈತ್ಯ ಅಸ್ಥಿಪಂಜರಕ್ಕೆ ಅಂತಹ ಅಂತರಂಗದ ಸೂಚನೆ ಇರಲಿಲ್ಲ. ಕೌಶಲವನ್ನೇ ಅಳತೆಗೋಲಾಗಿಸಿಕೊಂಡ ಸ್ಪರ್ಧೆಯಲ್ಲಿ ಅದು ಗುಣ. ಚಿತ್ರವು ಒಂಟಿಯಾಗಿ ಸಂಚರಿಸುವ ಲೋಕದಲ್ಲಿ ಅದೇ ಕೊರತೆ. ನವೋದಯ ಕಾಲದ ವರ್ಣಚಿತ್ರದೊಳಕ್ಕೆ ಇಂದಿನ ಉಡುಪಿನವರನ್ನು ಕೂರಿಸಿದ ಕೃತಿಯೂ ಎರಡು ಪ್ರಾಣಿಗಳನ್ನು ಬೆಸೆದ ಹಾಸ್ಯವೂ ಎಲ್ಲಿಗೆ ಹೋದರೂ ಆಟವಾಗಿಯೇ ಉಳಿಯುತ್ತವೆ. ಕಣ್ಣನ್ನು ಮೋಸಗೊಳಿಸುವ ಕೃತಿಗಿಂತ, ಕಣ್ಣನ್ನು ಗೆದ್ದೂ ಬುದ್ಧಿಗೆ ಸುಳಿವು ಬಿಡುವ ಕೃತಿಯನ್ನು ಈ ಪ್ರಕಾರದ ಶ್ರೇಷ್ಠ ಮಾದರಿಯೆಂದು ಪರಿಗಣಿಸುವುದು ನ್ಯಾಯವಾದೀತು.

ಸ್ಪರ್ಧೆಗಳ ಇನ್ನೊಂದು ಪ್ರಯೋಜನವನ್ನೂ ಮರೆಯಲಾಗದು. ನೆರಳು ಯಾವ ದಿಕ್ಕಿಗೆ ಬೀಳಬೇಕು, ಅಂಚು ಎಲ್ಲಿ ಹರಿತವಾಗಿದೆ, ಎರಡು ಭಾಗಗಳ ಹರಳಿನ ದಟ್ಟಣೆ ಹೊಂದುತ್ತದೆಯೇ ಎಂದು ಪರಸ್ಪರ ತಿದ್ದಿಕೊಂಡವರು ಚಿತ್ರವನ್ನು ಓದಲು ಕಲಿತರು. ಇತ್ತೀಚಿನ ವರ್ಷಗಳಲ್ಲಿ ಪದಗಳಿಂದಲೇ ಚಿತ್ರ ಹುಟ್ಟಿಸುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಬಂದು, ಜೋಡಣೆಯ ಅಂಚುಗಳನ್ನು ಹುಡುಕುವ ಈ ಅಭ್ಯಾಸವೇ ಸಾಲದಾಗಿದೆ. 2023ರಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್ಸೆನ್ ಸೋನಿ ವಿಶ್ವ ಛಾಯಾಗ್ರಹಣ ಪ್ರಶಸ್ತಿಯ ಒಂದು ವಿಭಾಗದಲ್ಲಿ ಗೆದ್ದು, ತನ್ನ ಚಿತ್ರವು ಕೃತಕ ಬುದ್ಧಿಮತ್ತೆಯ ಸೃಷ್ಟಿಯೆಂದು ಸಾರಿ ಪ್ರಶಸ್ತಿಯನ್ನು ನಿರಾಕರಿಸಿದನು. 2024ರಲ್ಲಿ ಮೈಲ್ಸ್ ಆಸ್ಟ್ರೇ ಎಂಬಾತನು ಫ್ಲೆಮಿಂಗೊ ಹಕ್ಕಿಯ ನೈಜ ಛಾಯಾಚಿತ್ರವನ್ನು ಕೃತಕ ಬುದ್ಧಿಮತ್ತೆಯ ವಿಭಾಗಕ್ಕೆ ಸಲ್ಲಿಸಿ ಬಹುಮಾನ ಪಡೆದನು. ಸತ್ಯ ತಿಳಿದ ಮೇಲೆ ಸಂಘಟಕರು ಅದನ್ನು ಅನರ್ಹಗೊಳಿಸಿದರು. ಒಂದರಲ್ಲಿ ಕೃತಕವು ನೈಜವೆಂದೂ ಇನ್ನೊಂದರಲ್ಲಿ ನೈಜವು ಕೃತಕವೆಂದೂ ಮಾನ್ಯವಾಯಿತು. ಎರಡರಲ್ಲಿಯೂ ತೀರ್ಪುಗಾರರ ಕಣ್ಣಿಗೆ ದಾರಿ ತೋರಿಸಿದ್ದು ಚಿತ್ರವಲ್ಲ, ವಿಭಾಗದ ಹೆಸರು.

ಇದರಿಂದ ಗ್ರಂಥಾಲಯಗಳಿಗೂ ಸಂಶೋಧಕರಿಗೂ ಒಂದು ಕರ್ತವ್ಯ ಒದಗುತ್ತದೆ. ಮಾರ್ಪಾಟುಚಿತ್ರಗಳನ್ನು ಸಂಗ್ರಹಿಸುವಾಗ ಚಿತ್ರವನ್ನು ಮಾತ್ರ ಉಳಿಸಿದರೆ ಸಾಲದು. ಸ್ಪರ್ಧೆಯ ವಿಷಯ, ಕೊಟ್ಟ ಮೂಲಚಿತ್ರ, ಸಲ್ಲಿಸಿದ ವರ್ಷ, ಅದೇ ಸಮಸ್ಯೆಗೆ ಇತರರು ನೀಡಿದ ಉತ್ತರಗಳು ಇವೆಲ್ಲ ಒಂದೇ ದಾಖಲೆಯ ಅಂಗಗಳಾಗಬೇಕು. ಕೊಟ್ಟ ಪಾದವನ್ನು ಬರೆದಿಡದೆ ಪೂರಣವನ್ನಷ್ಟೇ ಬರೆದಿಟ್ಟರೆ ಮುಂದಿನ ಓದುಗನಿಗೆ ಅವಧಾನಿಯ ಜಾಣ್ಮೆಯೂ ತಿಳಿಯದು, ಪದ್ಯದ ಅರ್ಥವೂ ತಿಳಿಯದು. ಹೈಡ್ ಪಾರ್ಕ್‌ನ ಮೂಲಚಿತ್ರ ಮತ್ತು ಸ್ಪರ್ಧೆಯ ಸಲ್ಲಿಕೆ ಎರಡೂ ಗುರುತಿಸಬಹುದಾದ ಸ್ಥಿತಿಯಲ್ಲಿ ಉಳಿದಿದ್ದರಿಂದಲೇ ದೈತ್ಯ ಅಸ್ಥಿಪಂಜರದ ಕಥೆಯನ್ನು ಬಿಡಿಸಲು ಸಾಧ್ಯವಾಯಿತು. ಸುಳ್ಳಿನ ವಿರುದ್ಧ ಸಾಕ್ಷಿ ನುಡಿದದ್ದು ಆಟದ ದಾಖಲೆಯೇ.