ಪೆಟ್ಟಿಗೆಯ ಶ್ರುತಿ, ಮಿರಜಿನ ಜವಾರಿ

ಕರ್ನಾಟಕದಲ್ಲಿ ಹಿಂದೂಸ್ತಾನಿ ಸಂಗೀತ ಕಲಿಯುತ್ತಿರುವ ಮಕ್ಕಳ ಮನೆಗಳಲ್ಲಿ ತಂಬೂರಿ ಕಾಣುವುದು ಈಗ ಅಪರೂಪ. ಇರುವುದು ಒಂದು ಪೆಟ್ಟಿಗೆ. ಅದರ ಮೈಮೇಲೆ ಕೆಲವು ತಿರುಪುಗಳು: ಶ್ರುತಿ ಏರಿಸಲು ಒಂದು, ಮೀಟಿನ ವೇಗಕ್ಕೆ ಒಂದು, ದನಿ ಜೋರು ಮಾಡಲು ಮತ್ತೊಂದು. ಈಚಿನ ವರ್ಷಗಳಲ್ಲಿ ಆ ಪೆಟ್ಟಿಗೆಯೂ ಮೂಲೆ ಸೇರಿ, ಮೊಬೈಲಿನೊಳಗಿನ ಆ್ಯಪ್ ಅದರ ಜಾಗಕ್ಕೆ ಬಂದಿದೆ. ಇದರ ಬಗ್ಗೆ ಸಂಗೀತದವರ ನಡುವೆ ಮಾತು ಬಂದಾಗ ಒಬ್ಬರು ‘ನಾದವೇ ಸತ್ತುಹೋಯಿತು’ ಎಂದು ನಿಟ್ಟುಸಿರು ಬಿಡುತ್ತಾರೆ. ಇನ್ನೊಬ್ಬರು ‘ಅನುಕೂಲವಾಗಿದೆಯಲ್ಲ, ಇನ್ನೇನು ಬೇಕು’ ಎಂದು ಮುಗಿಸಿಬಿಡುತ್ತಾರೆ. ಎರಡೂ ಸೋಮಾರಿ ಮಾತುಗಳೆಂದೇ ನನಗೆ ಅನ್ನಿಸುತ್ತದೆ. ತಂಬೂರಿ ಎಂಬುದು ಗಾಯಕನ ಕಿವಿಗೆ ಏನು ಮಾಡುತ್ತದೆ ಎಂಬ ಪ್ರಶ್ನೆಯನ್ನು ಇಬ್ಬರೂ ಕೇಳುವುದಿಲ್ಲ. ಅದನ್ನು ಮಾಡುವ ಕೈಗಳ ಬಗ್ಗೆಯಂತೂ ಇಬ್ಬರಿಗೂ ನೆನಪಿರುವುದಿಲ್ಲ.

ಈ ಪೆಟ್ಟಿಗೆ ಹೊರದೇಶದಿಂದ ಬಂದ ಪೀಡೆಯಲ್ಲ ಎಂಬುದನ್ನು ಮೊದಲು ಹೇಳಬೇಕು. ಅದು ನಮ್ಮ ಬೆಂಗಳೂರಿನ ಕೂಸು. ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದ, ಸ್ವತಃ ಕೊಳಲು ನುಡಿಸುತ್ತಿದ್ದ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಯ ಹೊತ್ತಿಗೆ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿಗಳನ್ನು ರೂಪಿಸಿದರು. ಅವರ ರಾಡೆಲ್ ಸಂಸ್ಥೆಯ ಹೆಸರು ಇಂದು ಜಗತ್ತಿನಲ್ಲಿ ಭಾರತೀಯ ಸಂಗೀತ ಕಲಿಯುವವರಿಗೆಲ್ಲ ಪರಿಚಿತ. ಮೊದಮೊದಲಿನ ಪೆಟ್ಟಿಗೆಗಳು ವಿದ್ಯುತ್ ಮಂಡಲಗಳಿಂದ ದನಿ ಹುಟ್ಟಿಸುತ್ತಿದ್ದವು. ಅದು ತಂಬೂರಿಗಿಂತ ಹೆಚ್ಚಾಗಿ ಜೇನುನೊಣದ ಗುಂಯ್‌ಗುಡುವಿಕೆಯನ್ನು ಹೋಲುತ್ತಿತ್ತು. ಮುಂದೆ ನಿಜವಾದ ತಂಬೂರಿಯ ದನಿಯನ್ನೇ ಮುದ್ರಿಸಿ ಒಳಗೆ ತುಂಬುವ ಪದ್ಧತಿ ಬಂತು. ಈಗಿನ ಒಳ್ಳೆಯ ಆ್ಯಪ್‌ಗಳ ದನಿಯನ್ನು ಪಕ್ಕದ ಕೋಣೆಯಿಂದ ಕೇಳಿದರೆ ಪಳಗಿದ ಕಿವಿಯೂ ಒಂದು ಕ್ಷಣ ಮೋಸ ಹೋಗಬಹುದು.

ಹಾಗಾದರೆ ತಕರಾರು ಏನು? ತಂಬೂರಿಯ ಕುದುರೆಯ ಹತ್ತಿರ ಬಗ್ಗಿ ನೋಡಿದರೆ ಉತ್ತರ ಸಿಗುತ್ತದೆ. ಪಿಟೀಲಿನ ಕುದುರೆಯಂತೆ ಇದು ಕತ್ತಿಯ ಅಲಗಿನ ಹಾಗೆ ನಿಂತದ್ದಲ್ಲ. ಅಗಲವಾಗಿ, ಸಣ್ಣಗೆ ಬಾಗಿದ ಬೆನ್ನಿನದು. ಮೀಟಿದ ತಂತಿ ಆ ಬೆನ್ನನ್ನು ಸವರುತ್ತಾ ಕಂಪಿಸುತ್ತದೆ. ಪ್ರತಿ ತೂಗಾಟದಲ್ಲೂ ಅದರ ಉದ್ದ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾಗುತ್ತದೆ. ತಂತಿಯ ಕೆಳಗೆ ಒಂದು ಹತ್ತಿಯ ದಾರ. ನಮ್ಮಲ್ಲಿ ಅದಕ್ಕೆ ಜೀವಾಳ ಎನ್ನುತ್ತಾರೆ. ಇದಕ್ಕಿಂತ ಒಳ್ಳೆಯ ಹೆಸರು ಸಿಗಲಾರದು. ಆ ದಾರವನ್ನು ಒಂದಿಷ್ಟು ಆಚೀಚೆ ಸರಿಸಿದರೆ ಮಂಕಾಗಿದ್ದ ತಂತಿ ಥಟ್ಟನೆ ಬಾಯಿ ತೆರೆಯುತ್ತದೆ. ಸಿ.ವಿ. ರಾಮನ್ 1921ರಲ್ಲಿ ಈ ಕುದುರೆಯ ಬಗ್ಗೆ ಬರೆದರು. ತಂತಿಯನ್ನು ಮೀಟಿದ ಜಾಗದಲ್ಲಿ ನಿಶ್ಚಲಬಿಂದು ಇರುವಂಥ ಉಪಸ್ವರಗಳು ಹುಟ್ಟಲಾರವು ಎಂಬುದು ಭೌತಶಾಸ್ತ್ರದ ಹಳೆಯ ನಿಯಮ. ತಂಬೂರಿ ಆ ನಿಯಮವನ್ನು ಪಾಲಿಸುವುದಿಲ್ಲ, ಹುಟ್ಟಬಾರದ ಉಪಸ್ವರಗಳೂ ಅದರಲ್ಲಿ ಸ್ಪಷ್ಟವಾಗಿ ಹುಟ್ಟುತ್ತವೆ ಎಂದು ಅವರು ತೋರಿಸಿದರು. ಷಡ್ಜ ಪಂಚಮಗಳಿಗೆ ಮಾತ್ರ ಕೂಡಿಸಿದ ನಾಲ್ಕು ತಂತಿಗಳೊಳಗಿಂದ ಯಾರೂ ಮೀಟದ ಗಾಂಧಾರ ತೇಲಿಬರುವುದು ಈ ಕಾರಣದಿಂದಲೇ.

ಈ ಗುಣಕ್ಕೆ, ಅದನ್ನು ತರಲು ಕುದುರೆಯ ಬೆನ್ನನ್ನು ಅರದಿಂದ ತೀಡುವ ಕೆಲಸಕ್ಕೆ, ಜವಾರಿ ಎಂದು ಹೆಸರು. ಧಾರವಾಡದ ಕಡೆಯವರಿಗೆ ಜವಾರಿ ಎಂದರೆ ಬೇರೆಯೇ ಅರ್ಥವಿದೆ: ಜವಾರಿ ಕೋಳಿ, ಜವಾರಿ ಬದನೆಕಾಯಿ, ಜವಾರಿ ಮಾತು. ಎರಡೂ ಒಂದೇ ಮೂಲದ ಶಬ್ದಗಳೆಂದು ನಾನು ಹೇಳುತ್ತಿಲ್ಲ. ಆದರೆ ಕೂಡಿಸಿ ಕೇಳಿದಾಗ ಅರ್ಥ ಚೆನ್ನಾಗಿಯೇ ಹೊಂದುತ್ತದೆ.

ಪೆಟ್ಟಿಗೆಯಲ್ಲಿ ಆಗುವುದೇನೆಂದರೆ, ಒಮ್ಮೆ ಮುದ್ರಿಸಿದ ಮೀಟು ಮತ್ತೆ ಮತ್ತೆ ಹಾಗೆಯೇ ಬರುತ್ತದೆ. ನಿಜವಾದ ತಂಬೂರಿಯಲ್ಲಿ ಎರಡು ಮೀಟುಗಳು ಒಂದೇ ಆಗಿರುವುದಿಲ್ಲ. ಬೆರಳು ಬಿದ್ದ ಜಾಗ, ಮೀಟಿದ ಒತ್ತಡ, ಹಿಂದಿನ ತಂತಿಯ ನಾದ ಇನ್ನೂ ಎಷ್ಟು ಉಳಿದಿದೆ ಎಂಬುದು, ಎಲ್ಲವೂ ಸೇರುತ್ತವೆ. ಪಕ್ಕದಲ್ಲಿ ಕೂತವನು ಗಟ್ಟಿಯಾಗಿ ಷಡ್ಜ ಹಿಡಿದರೆ ಮೀಟದ ತಂತಿಯೂ ಸಣ್ಣಗೆ ಮಿಡಿಯುತ್ತದೆ. ಇನ್ನೊಂದು ಸಂಗತಿ ಸ್ಪೀಕರಿನದು. ಕಪ್ಪು ಒಂದರ ಶ್ರುತಿಯಲ್ಲಿ ಹಾಡುವ ಗಂಡಸಿನ ತಂಬೂರಿಯ ಖರ್ಜದ ತಂತಿ ಸುಮಾರು 70 ಹರ್ಟ್ಸ್‌ನಲ್ಲಿ ಕಂಪಿಸುತ್ತದೆ. ಮೊಬೈಲಿನ ಅಂಗೈ ಅಗಲದ ಸ್ಪೀಕರಿಗೆ ಅಷ್ಟು ಕೆಳಗಿನ ದನಿಯನ್ನು ಹೊರಡಿಸುವ ಶಕ್ತಿ ಇಲ್ಲ. ಮೇಲಿನ ಉಪಸ್ವರಗಳಿಂದ ನಮ್ಮ ಮಿದುಳು ಕೆಳಗಿನ ಸ್ವರವನ್ನು ಊಹಿಸಿಕೊಳ್ಳುತ್ತದೆ. ಬುರುಡೆಯಿಂದ ಹೊರಟು ಎದೆಗೆ, ತೊಡೆಗೆ ತಾಗುತ್ತಿದ್ದ ಕಂಪನ ಮಾತ್ರ ಊಹೆಯಿಂದ ಬರುವುದಿಲ್ಲ.

ಪಾಶ್ಚಾತ್ಯ ಸಂಗೀತದವರಲ್ಲೂ ಇಂಥದೇ ಜಗಳವಿದೆ: ಡಿಜಿಟಲ್ ಪಿಯಾನೋದಲ್ಲಿ ಅಭ್ಯಾಸ ಮಾಡಿದವರು ಗ್ರ್ಯಾಂಡ್ ಪಿಯಾನೋ ನುಡಿಸಬಲ್ಲರೇ ಎಂಬುದು. ಅಲ್ಲಿ ಪ್ರಶ್ನೆ ಮುಖ್ಯವಾಗಿ ಬೆರಳಿನದು. ಗ್ರ್ಯಾಂಡ್‌ನಲ್ಲಿ ಕೀಲಿ ಒತ್ತಿದಾಗ ಒಳಗಿನ ಸುತ್ತಿಗೆ ಹಾರಿ ತಂತಿಗೆ ಬಡಿಯುತ್ತದೆ. ಪೆಡಲ್ ಒತ್ತಿದಾಗ ಎಲ್ಲ ತಂತಿಗಳೂ ಬಿಡುಗಡೆಯಾಗಿ ಒಂದಕ್ಕೊಂದು ಓಗೊಡುತ್ತವೆ. ಡಿಜಿಟಲ್ ಪಿಯಾನೋ ಕೀಲಿ ಎಷ್ಟು ವೇಗವಾಗಿ ಕೆಳಗಿಳಿಯಿತು ಎಂದು ಅಳೆದು ಅದಕ್ಕೆ ತಕ್ಕ ದನಿಯನ್ನು ಒದಗಿಸುತ್ತದೆ. 1983ರಲ್ಲಿ ಬಂದ ಮಿಡಿ ಎಂಬ ಮಾನಕದಲ್ಲಿ ಆ ವೇಗಕ್ಕೆ 127 ಮೆಟ್ಟಿಲುಗಳು. ಫ್ಲ್ಯಾಟಿನಲ್ಲಿ ಇರುವವರು ಹೆಡ್‌ಫೋನ್ ಹಾಕಿಕೊಂಡು ರಾತ್ರಿಯೆಲ್ಲ ಅಭ್ಯಾಸ ಮಾಡಿ, ಕಛೇರಿಯ ದಿನ ಗ್ರ್ಯಾಂಡ್ ಮುಂದೆ ಕೂತಾಗ ಕೈ ತಡವರಿಸುತ್ತದೆ. ಆದರೂ ಅವರಿಗೆ ಒಂದು ಅನುಕೂಲ ಇದೆ: ತಡವರಿಸಿದ್ದು ತಕ್ಷಣ ಗೊತ್ತಾಗುತ್ತದೆ. ನಮ್ಮ ಗಾಯಕನ ವಾದ್ಯ ಅವನ ಗಂಟಲಿನಲ್ಲೇ ಇದೆ, ಅದು ಬದಲಾಗಿಲ್ಲ. ಬದಲಾಗಿರುವುದು ಅವನು ಮುಖ ನೋಡಿಕೊಳ್ಳುವ ಕನ್ನಡಿ. ಆದ್ದರಿಂದ ನಷ್ಟವಾದರೂ ಅದು ಅವನಿಗೆ ಬೇಗ ತಿಳಿಯುವುದಿಲ್ಲ.

ನನ್ನ ಮಟ್ಟಿಗೆ ಮುಖ್ಯ ನಷ್ಟ ದನಿಯದ್ದಲ್ಲ, ತಂಬೂರಿ ಕೂಡಿಸುವ ಕೆಲಸದ್ದು. ಹಳೆಯ ಶಿಷ್ಯ ರಿಯಾಜಿಗೆ ಕೂರುವ ಮೊದಲು ಬಿರಡೆ ತಿರುಗಿಸಬೇಕಿತ್ತು, ಮಣಿ ಸರಿಸಬೇಕಿತ್ತು, ಜೀವಾಳ ನೋಡಬೇಕಿತ್ತು. ಮಳೆಗಾಲದಲ್ಲಿ ಮರ ಉಬ್ಬಿ, ಬೇಸಿಗೆಯಲ್ಲಿ ಬಿರಡೆ ಜಾರಿ, ಹತ್ತು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು. ಎರಡು ತಂತಿಗಳ ನಡುವಿನ ಸಣ್ಣ ಅಲೆದಾಟ ನಿಧಾನವಾಗುತ್ತಾ ಹೋಗಿ ನಿಂತುಬಿಡುವುದನ್ನು ಕೇಳಿಸಿಕೊಳ್ಳುವುದೇ ಸ್ವರಜ್ಞಾನದ ಮೊದಲ ಪಾಠವಾಗಿತ್ತು. ಗುರು ಅದನ್ನು ಬಾಯಿಬಿಟ್ಟು ಕಲಿಸುತ್ತಿರಲಿಲ್ಲ. ‘ಕೂಡಿಲ್ಲ, ಮತ್ತೆ ಕೂಡಿಸು’ ಎನ್ನುತ್ತಿದ್ದರು, ಅಷ್ಟೆ. ಗುಂಡಿ ಒತ್ತಿದರೆ ಸಿದ್ಧ ಶ್ರುತಿ ಸಿಗುವಾಗ ಈ ಪಾಠವೇ ತಪ್ಪಿಹೋಗುತ್ತದೆ. ಶ್ರುತಿ ಎಂಬುದು ಹುಡುಕಿ ಸೇರಬೇಕಾದ ಜಾಗ ಎಂಬ ಅರಿವು ಹೋಗಿ, ಅದು ನಲ್ಲಿಯ ನೀರಿನಂತೆ ಬರುವ ವಸ್ತು ಎಂಬ ಭಾವನೆ ಬೆಳೆಯುತ್ತದೆ.

ಇಷ್ಟು ಹೇಳಿದ ಮೇಲೆ ಶುದ್ಧತೆಯ ವಕೀಲರ ಕಡೆಗೂ ತಿರುಗಬೇಕು. ‘ಯಂತ್ರ ಬಂದು ಸಂಗೀತ ಕೆಟ್ಟಿತು’ ಎಂಬ ಮಾತು ಹೊಸದಲ್ಲ. ಹಾರ್ಮೋನಿಯಂ ಬಗ್ಗೆಯೂ ಇದನ್ನೇ ಹೇಳಿದ್ದರು. ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಹಾರ್ಮೋನಿಯಮ್ಮನ್ನು ನಿಷೇಧಿಸಿತು. ಆ ಬಾಗಿಲು ಅರೆಬರೆ ತೆರೆದದ್ದು 1971ರಲ್ಲಿ. ವಾದದಲ್ಲಿ ಸತ್ಯವಿಲ್ಲದಿರಲಿಲ್ಲ. ಹಾರ್ಮೋನಿಯಮ್ಮಿನ ಗಾಂಧಾರ ತಂಬೂರಿಯಿಂದ ತಾನಾಗಿ ಹೊಮ್ಮುವ ಗಾಂಧಾರಕ್ಕಿಂತ ಅರ್ಧಸ್ವರದ ಸುಮಾರು ಏಳನೇ ಒಂದು ಭಾಗದಷ್ಟು ಮೇಲಿದೆ. ಆದರೆ ತಮಾಷೆ ನೋಡಿ, ‘ಕಾಲೀ ಏಕ್’, ‘ಸಫೇದ್ ಚಾರ್’ ಎಂದು ಪರಮ ಶುದ್ಧವಾದಿ ಗಾಯಕರೂ ತಮ್ಮ ಶ್ರುತಿಗೆ ಹೆಸರಿಡುವುದು ಹಾರ್ಮೋನಿಯಮ್ಮಿನ ಕಪ್ಪು ಬಿಳಿ ಮನೆಗಳಿಂದಲೇ. ಇಲ್ಲಿ ಕಿರಾನಾದ ಅಬ್ದುಲ್ ಕರೀಂ ಖಾನ್ ಸಾಹೇಬರನ್ನು ನೆನೆಯುವುದು ಒಳ್ಳೆಯದು. ಶ್ರುತಿಯ ವಿಷಯದಲ್ಲಿ ಅವರಷ್ಟು ಸೂಕ್ಷ್ಮವಾಗಿದ್ದವರು ಕಡಿಮೆ. ಸಾಂಗ್ಲಿಯ ದೇವಲ್ ಮತ್ತು ಬ್ರಿಟಿಷ್ ಅಧಿಕಾರಿ ಕ್ಲೆಮೆಂಟ್ಸ್ ಶ್ರುತಿಗಳನ್ನು ಅಳೆಯಲು ಹೊರಟಾಗ ಅದೇ ಖಾನ್ ಸಾಹೇಬರು ತಮ್ಮ ಕಂಠವನ್ನು ಅವರ ಪ್ರಯೋಗಕ್ಕೆ ಒಡ್ಡಿದರು. ಅಳತೆಯ ಯಂತ್ರಕ್ಕೆ ಅವರು ಹೆದರಲಿಲ್ಲ. 1930ರ ದಶಕದ ಮಧ್ಯದಲ್ಲಿ ಗ್ರಾಮಫೋನಿಗೂ ಹಾಡಿದರು. ಇಂದು ನಮಗೆ ಅವರ ದನಿ ಉಳಿದಿರುವುದು ಆ ಯಂತ್ರದ ದಯೆಯಿಂದ.

ಖಾನ್ ಸಾಹೇಬರು 1937ರಲ್ಲಿ ಪ್ರಯಾಣದ ನಡುವೆ ತೀರಿಕೊಂಡರು. ಅವರ ಸಮಾಧಿ ಮಿರಜಿನ ಮೀರಾ ಸಾಹೇಬ್ ದರ್ಗಾದ ಆವರಣದಲ್ಲಿದೆ. ಅಲ್ಲಿ ಪ್ರತಿವರ್ಷ ಅವರ ನೆನಪಿನಲ್ಲಿ ಸಂಗೀತ ನಡೆಯುತ್ತದೆ. ಅದೇ ಊರಿನ ಗಲ್ಲಿಯಲ್ಲಿ ತಂಬೂರಿ ಮಾಡುವವರು ಕೂತಿದ್ದಾರೆ. 19ನೇ ಶತಮಾನದಲ್ಲಿ ಆಯುಧಗಳ ಕಾಲ ಮುಗಿದು, ಕತ್ತಿ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮುಸ್ಲಿಂ ಮನೆತನದವರು ವಾದ್ಯಗಳ ಕೆಲಸಕ್ಕೆ ತಿರುಗಿದರು. ಫರೀದ್ ಸಾಹೇಬ್ ಎಂಬ ಹಿರಿಯರ ಹೆಸರನ್ನು ಅಲ್ಲಿ ಎಲ್ಲರೂ ಹೇಳುತ್ತಾರೆ. ಅವರ ಮುಂದಿನವರಿಗೆ ಸತಾರ್‌ಮೇಕರ್ ಎಂಬುದೇ ಅಡ್ಡಹೆಸರಾಯಿತು. ಪಂಢರಪುರ, ಮಂಗಳವೇಢೆಯ ಕಡೆಯಿಂದ ದೊಡ್ಡ ದೊಡ್ಡ ಸೋರೆ ಬುರುಡೆಗಳು ಬರುತ್ತವೆ. ಒಣಗಿಸಿ, ಕೊಯ್ದು, ನೆನೆಸಿ, ಆಕಾರ ಕೊಟ್ಟು, ತುಣ್ ಮರದ ಹಲಗೆ ಕೂರಿಸಿ, ಕೊನೆಗೆ ಜವಾರಿ ತೀಡುತ್ತಾರೆ. ಜವಾರಿಗೆ ಅಳತೆಪಟ್ಟಿ ಇಲ್ಲ. ಅರ ಎಳೆಯುವುದು, ತಂತಿ ಮೀಟುವುದು, ಮತ್ತೆ ಅರ ಎಳೆಯುವುದು. ಒಂದು ಎಳೆತ ಹೆಚ್ಚಾದರೆ ಕುದುರೆ ಕೆಟ್ಟಿತು.

ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರವರೆಗೆ ಹರಡಿದ ಕಿರಾನಾ ಗಾಯನಕ್ಕೆ ಹುಬ್ಬಳ್ಳಿ ಧಾರವಾಡ ತವರಾದರೆ, ಅದರ ತಂಬೂರಿಗಳಿಗೆ ಮಿರಜ್ ತವರು. ನಾವು ಸಂಗೀತದ ಇತಿಹಾಸ ಬರೆಯುವಾಗ ಗುರುಪರಂಪರೆಯ ಕವಲುಗಳನ್ನೆಲ್ಲ ಪಟ್ಟಿ ಮಾಡುತ್ತೇವೆ, ಈ ಗಲ್ಲಿಯ ಒಂದು ಹೆಸರೂ ಅದರಲ್ಲಿ ಬರುವುದಿಲ್ಲ. ನಾದವನ್ನು ವೇದಕಾಲಕ್ಕೆ ಒಯ್ದು ಭಾಷಣ ಮಾಡುವವರು ತಾವು ಒರಗಿ ಹಾಡಿದ ನಾದಕ್ಕೆ ಅರ ಎಳೆದ ಕೈ ಯಾರದು ಎಂದು ಕೇಳುವುದಿಲ್ಲ. ಪೆಟ್ಟಿಗೆಯನ್ನು ಬೈಯುವ ಲೇಖನಗಳಲ್ಲಿ ಕೂಡ ಈ ಕುಶಲಕರ್ಮಿಗಳ ಹೊಟ್ಟೆಪಾಡಿನ ಪ್ರಸ್ತಾಪ ಬರುವುದು ವಿರಳ. 2024ರಲ್ಲಿ ಮಿರಜಿನ ಸಿತಾರ್ ಮತ್ತು ತಂಬೂರಿಗಳಿಗೆ ಜಿಐ ಮಾನ್ಯತೆ ಸಿಕ್ಕಿತು. ಸಂತೋಷ. ಆದರೆ ಜಿಐ ಕಾಪಾಡುವುದು ಊರಿನ ಹೆಸರನ್ನು. ಒಳ್ಳೆಯ ಜವಾರಿಗೂ ಕೆಟ್ಟ ಜವಾರಿಗೂ ಇರುವ ವ್ಯತ್ಯಾಸ ಕೇಳಿಸುವ ಗಿರಾಕಿಗಳು ಇಲ್ಲವಾದರೆ, ಆ ಕೆಲಸ ಕಲಿಯಲು ಮನೆಯ ಹುಡುಗರು ವರ್ಷಗಟ್ಟಲೆ ಏಕೆ ಕೂರಬೇಕು?

ಇನ್ನು ತಂಬೂರಿ ಹಿಡಿದು ಕೂರುತ್ತಿದ್ದವರ ಮಾತು. ಹಳೆಯ ಕಛೇರಿಗಳ ಫೋಟೋಗಳಲ್ಲಿ ಗಾಯಕರ ಹಿಂದೆ ಎರಡು ತಂಬೂರಿಗಳು, ಅವುಗಳ ಹಿಂದೆ ಎರಡು ಮುಖಗಳು. ಹೆಸರು ಮಾತ್ರ ಅನೇಕ ವೇಳೆ ಇರುವುದಿಲ್ಲ. ಶಿಷ್ಯರಿಗೆ ಅದು ಪಾಠಶಾಲೆಯಾಗಿತ್ತು ನಿಜ: ಗುರುವಿನ ಬೆನ್ನ ಹಿಂದೆ ಮೂರು ಗಂಟೆ ಕೂತವರಿಗೆ ಸಿಕ್ಕಿದ್ದು ತರಗತಿಯಲ್ಲಿ ಸಿಗುವಂಥದ್ದಲ್ಲ. ಆದರೆ ಅದರಲ್ಲಿ ಕೂಲಿಯಿಲ್ಲದ ಚಾಕರಿಯೂ ಇತ್ತು. ವೇದಿಕೆಯ ಮೇಲೆ ತಂಬೂರಿಗೆ ಮಾತ್ರ ಸೀಮಿತವಾಗಿ, ಹಾಡುವ ಸರದಿಯೇ ಬಾರದೆ ವಯಸ್ಸು ಕಳೆದವರೂ ಇದ್ದರು, ಅವರಲ್ಲಿ ಹೆಂಗಸರ ಸಂಖ್ಯೆ ಕಡಿಮೆಯೇನಲ್ಲ. ಗುರುಕುಲದ ವೈಭವ ಹಾಡುವಾಗ ಇದನ್ನು ಬಿಟ್ಟುಬಿಡುವುದು ನ್ಯಾಯವಲ್ಲ.

ಅದೇ ರೀತಿ, ಪೆಟ್ಟಿಗೆ ಯಾರಿಗೆ ಬಾಗಿಲು ತೆರೆಯಿತು ಎಂದೂ ನೋಡಬೇಕು. ಮಿರಜಿನ ತಂಬೂರಿಯ ಬೆಲೆ ಪೆಟ್ಟಿಗೆಯ ಬೆಲೆಯ ಹಲವು ಪಟ್ಟು. ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಅದನ್ನು ಒರಗಿಸಿಡಲು ಸುರಕ್ಷಿತ ಮೂಲೆಯೇ ಸಿಗುವುದಿಲ್ಲ. ಮಗು ಒಮ್ಮೆ ಎಡವಿದರೆ ಬುರುಡೆ ಎರಡು ಹೋಳು. ಬೆಳಗಿನ ಐದಕ್ಕೆ ಮನೆಯವರು ಏಳುವ ಮೊದಲು ಸಣ್ಣ ದನಿಯಲ್ಲಿ ಷಡ್ಜ ಹಿಡಿದು ಕೂರುವ ಹೆಣ್ಣುಮಗಳಿಗೆ, ತಾನೇ ಮೀಟುತ್ತಾ ತಾನೇ ಹಾಡುವ ತಾಪತ್ರಯವಿಲ್ಲದೆ ಮಂದ್ರ ಸಾಧನೆ ಮಾಡಲು ಪೆಟ್ಟಿಗೆ ದೊಡ್ಡ ನೆರವು. 2020ರ ಲಾಕ್‌ಡೌನಿನಲ್ಲಿ ಗುರುಶಿಷ್ಯರು ಬೇರೆ ಬೇರೆ ಊರುಗಳಲ್ಲಿ ಸಿಕ್ಕಿಕೊಂಡಾಗ, ಫೋನಿನಲ್ಲಿ ದನಿ ತಡವಾಗಿ ತಲುಪುವ ಕಾರಣ ಒಂದೇ ತಂಬೂರಿಗೆ ಇಬ್ಬರೂ ಹಾಡಲು ಆಗುತ್ತಿರಲಿಲ್ಲ. ಅವರವರ ಆ್ಯಪ್ ಹಚ್ಚಿಕೊಂಡೇ ಪಾಠ ಮುಂದುವರಿಯಿತು. ಇವರನ್ನೆಲ್ಲ ‘ನಾದದ್ರೋಹಿಗಳು’ ಎನ್ನುವವರು ಮೊದಲು ತಮ್ಮ ಮನೆಯ ವಿಸ್ತೀರ್ಣ ಹೇಳಲಿ.

ಆದ್ದರಿಂದ ನನ್ನ ತೀರ್ಮಾನ ಪೆಟ್ಟಿಗೆಯ ವಿರುದ್ಧ ಅಲ್ಲ. ಪೆಟ್ಟಿಗೆಯೇ ಸಾಕು ಎಂದುಕೊಂಡ ಸಂಗೀತ ಶಾಲೆಗಳ ವಿರುದ್ಧ. ಪ್ರತಿ ಮನೆಯಲ್ಲೂ ತಂಬೂರಿ ಇರಬೇಕೆಂದು ಕೇಳುವುದು ಅನ್ಯಾಯ. ನೂರು ಮಕ್ಕಳಿಂದ ಫೀಸು ಪಡೆಯುವ ಶಾಲೆಯಲ್ಲಿ, ಸರ್ಕಾರದ ಹಣ ಪಡೆಯುವ ಅಕಾಡೆಮಿಯಲ್ಲಿ, ವಿಶ್ವವಿದ್ಯಾಲಯದ ಸಂಗೀತ ವಿಭಾಗದಲ್ಲಿ ಮಾತ್ರ ಅದು ಇರಲೇಬೇಕು. ಗಾಜಿನ ಕಪಾಟಿನಲ್ಲಿ ಅಲ್ಲ, ತಂತಿ ಬಿಗಿದ ಸ್ಥಿತಿಯಲ್ಲಿ, ಮಕ್ಕಳ ಕೈಗೆ ಸಿಗುವ ಹಾಗೆ. ಪಾಠದ ಮೊದಲ ಹತ್ತು ನಿಮಿಷ ಒಂದೊಂದು ದಿನ ಒಬ್ಬೊಬ್ಬ ಹುಡುಗ, ಹುಡುಗಿ ಅದನ್ನು ಕೂಡಿಸಲಿ. ಉಳಿದವರು ಕೇಳುತ್ತಾ ಕೂರಲಿ. ತಪ್ಪಿದರೆ ಮತ್ತೆ ಮೊದಲಿನಿಂದ. ಆಮೇಲೆ ಬೇಕಾದರೆ ಪೆಟ್ಟಿಗೆ ಹಚ್ಚಿಕೊಂಡೇ ಹಾಡಲಿ. ವರ್ಷಕ್ಕೊಮ್ಮೆ ಮಿರಜಿನಿಂದ ಒಬ್ಬ ಕಾರಿಗರರನ್ನು ಸಂಭಾವನೆ ಕೊಟ್ಟು ಕರೆಸಿ, ಮಕ್ಕಳ ಎದುರಿಗೇ ಜವಾರಿ ತೀಡಿಸಲಿ. ಹುಬ್ಬಳ್ಳಿಯಿಂದ ಮಿರಜಿಗೆ ನೇರ ರೈಲುದಾರಿ ಇದೆ, ದೂರವೇನಲ್ಲ.