ಮೆದುಳಿನ ಚಿತ್ರ, ಮನಸ್ಸಿನ ವ್ಯಾಧಿ ಮತ್ತು ಔಷಧದಾನ

ಶಿರಸಿಯ ಅಡಿಕೆ ಪೇಟೆಯಲ್ಲಿ ಮಾಲಿನ ಗುಣ ತಿಳಿಯಬೇಕಾದರೆ ನಾಲ್ಕು ಅಡಿಕೆಗಳನ್ನು ಕತ್ತರಿಸಿ ಒಳಗನ್ನು ನೋಡಿದರಾಯಿತು. ಅನಂತರ ವಾದಕ್ಕೆ ಎಡೆಯಿರುವುದಿಲ್ಲ. ಮನುಷ್ಯನ ತಲೆಯೊಳಗೂ ಹೀಗೆಯೇ ಇಣುಕಿದರೆ ಮನೋವ್ಯಾಧಿಯ ಗುಟ್ಟು ಬಯಲಾಗುವುದೆಂಬ ನಂಬಿಕೆ ಇಂದು ವ್ಯಾಪಕವಾಗಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಮನೆಗಳಲ್ಲಿ ಮಗನೋ ಮಗಳೋ ಮಾತುಬಿಟ್ಟು ಕೋಣೆ ಸೇರಿದರೆ, ಹಿರಿಯರು ದೊಡ್ಡ ಊರಿನ ಸ್ಕ್ಯಾನಿಂಗ್ ಯಂತ್ರವನ್ನು ನೆನೆಯುತ್ತಾರೆ. ವರದಿಯಲ್ಲಿ ದೋಷ ಕಾಣದಿದ್ದರೆ 'ರೋಗವೇನೂ ಇಲ್ಲ, ಬರಿಯ ಸೋಮಾರಿತನ' ಎಂಬ ತೀರ್ಪು ಹೊರಡುತ್ತದೆ. ಈ ತೀರ್ಪು ಎಷ್ಟರಮಟ್ಟಿಗೆ ನ್ಯಾಯವಾದುದೆಂದು ಪರಿಶೀಲಿಸಬೇಕಾಗಿದೆ.

ಮೊದಲು ಈ ಚಿತ್ರಗಳ ಸ್ವರೂಪವನ್ನು ತಿಳಿಯೋಣ. ಎಂಆರ್‌ಐ ಯಂತ್ರವು ಮೆದುಳಿನ ರಚನೆಯನ್ನು ತೋರಿಸುತ್ತದೆ. ರಕ್ತದ ಆಮ್ಲಜನಕದಲ್ಲಾಗುವ ವ್ಯತ್ಯಾಸವನ್ನೂ ಅದರಿಂದ ಗುರುತಿಸಬಹುದೆಂದು 1990ರಲ್ಲಿ ಜಪಾನಿನ ವಿಜ್ಞಾನಿ ಸೇಜಿ ಒಗಾವಾ ತೋರಿಸಿದರು. ಫಂಕ್ಷನಲ್ ಎಂಆರ್‌ಐ ಬೆಳೆದದ್ದು ಅಲ್ಲಿಂದ. ಆ ಯಂತ್ರ ಅಳೆಯುವುದು ರಕ್ತದ ಆಮ್ಲಜನಕವನ್ನೇ ಹೊರತು ಆಲೋಚನೆಯನ್ನಲ್ಲ. ಚಿತ್ರದಲ್ಲಿನ ಕೆಂಪು, ಹಳದಿ ಬಣ್ಣಗಳು ಮೆದುಳಿಗೆ ಸೇರಿದವಲ್ಲ. ಲೆಕ್ಕಾಚಾರದ ಫಲವನ್ನು ಸೂಚಿಸಲು ಗಣಕಯಂತ್ರ ಬಳಿದವು.

ಲೆಕ್ಕ ತಪ್ಪಿದರೆ ಬಣ್ಣವೂ ತಪ್ಪುತ್ತದೆ. 2009ರಲ್ಲಿ ಅಮೆರಿಕದ ಕೆಲವು ಸಂಶೋಧಕರು ಸತ್ತ ಮೀನೊಂದನ್ನು ಯಂತ್ರದಲ್ಲಿರಿಸಿ ಮನುಷ್ಯರ ಭಾವಚಿತ್ರಗಳನ್ನು ತೋರಿಸಿದರು. ಸಂಖ್ಯಾಶಾಸ್ತ್ರದ ಅವಶ್ಯ ತಿದ್ದುಪಡಿಯನ್ನು ಕೈಬಿಟ್ಟಾಗ ಆ ಸತ್ತ ಮೀನಿನ ಮೆದುಳಿನಲ್ಲಿಯೂ 'ಚಟುವಟಿಕೆ' ಕಂಡಿತು! 2020ರಲ್ಲಿ 108 ಜನರ ಒಂದೇ ದತ್ತಾಂಶವನ್ನು 70 ತಂಡಗಳಿಗೆ ಕೊಟ್ಟು 9 ಪ್ರಶ್ನೆಗಳನ್ನು ಕೇಳಲಾಯಿತು. ಯಾವ ಎರಡು ತಂಡಗಳ ವಿಶ್ಲೇಷಣಾ ಕ್ರಮವೂ ಒಂದೇ ಆಗಿರಲಿಲ್ಲ. ಹಲವು ಪ್ರಶ್ನೆಗಳಿಗೆ ಉತ್ತರಗಳೂ ಭಿನ್ನವಾದವು. ಮೆದುಳಿನ ವ್ಯತ್ಯಾಸವನ್ನು ಮನೋಲಕ್ಷಣಗಳೊಂದಿಗೆ ತಾಳೆಹಾಕಲು ಸಾವಿರಾರು ಜನರ ಚಿತ್ರಗಳು ಬೇಕೆಂದು 2022ರ ಅಧ್ಯಯನವೊಂದು ತೋರಿಸಿತು. ಅಲ್ಲಿಯವರೆಗೆ ಇಂಥ ಅಧ್ಯಯನಗಳು ಸಾಮಾನ್ಯವಾಗಿ 25ರಷ್ಟು ಜನರನ್ನು ನೆಚ್ಚಿದ್ದವು. ನಾಲ್ಕು ಅಡಿಕೆ ನೋಡಿ ಇಡೀ ಸೀಮೆಯ ಬೆಳೆಗೆ ದರ ಕಟ್ಟಿದಂತಾಯಿತು.

ಹಾಗೆಂದು ಈ ಸಂಶೋಧನೆ ನಿರರ್ಥಕವಲ್ಲ. ಸ್ಕಿಜೋಫ್ರೇನಿಯಾ ಪೀಡಿತರ ಮೆದುಳಿನ ಕುಹರಗಳು ಸರಾಸರಿಯಲ್ಲಿ ದೊಡ್ಡವಾಗಿರುತ್ತವೆಂದು 1976ರಲ್ಲಿಯೇ ಇಂಗ್ಲೆಂಡಿನ ವೈದ್ಯರು ಸಿ.ಟಿ. ಸ್ಕ್ಯಾನ್‌ನಿಂದ ಕಂಡರು. ಆದರೆ ಸರಾಸರಿಯ ಮಾತು ಗುಂಪಿಗೆ ಸಲ್ಲುತ್ತದೆ, ಎದುರಿಗೆ ಕುಳಿತ ಒಬ್ಬನಿಗೆ ಸಲ್ಲುವುದಿಲ್ಲ. ಗಡ್ಡೆ, ಸೋಂಕು, ರಕ್ತಸ್ರಾವಗಳಿಲ್ಲವೆಂದು ಖಚಿತಪಡಿಸಿಕೊಳ್ಳಲು ವೈದ್ಯರು ಸ್ಕ್ಯಾನಿಂಗ್ ಹೇಳಿದರೆ ಮಾಡಿಸಲೇಬೇಕು. ಖಿನ್ನತೆಯನ್ನಾಗಲಿ ಸ್ಕಿಜೋಫ್ರೇನಿಯಾವನ್ನಾಗಲಿ ನಿರ್ಣಯಿಸುವುದು ಮಾತ್ರ ಇಂದಿಗೂ ರೋಗಿಯ ಮಾತು, ನಡೆ, ಮನೆಯವರ ಹೇಳಿಕೆಗಳಿಂದಲೇ. ಆದುದರಿಂದ ದೋಷವಿಲ್ಲದ ಚಿತ್ರವು ರೋಗವಿಲ್ಲವೆಂಬುದಕ್ಕೆ ಪ್ರಮಾಣವಲ್ಲ.

ಯಂತ್ರದ ಮಿತಿಯನ್ನು ಒಪ್ಪಿಕೊಂಡ ಪ್ರಾಮಾಣಿಕತೆಗೆ ಕರ್ನಾಟಕದಲ್ಲಿಯೇ ನಿದರ್ಶನವಿದೆ. ವಿದ್ಯುತ್ತರಂಗಗಳಿಂದ ಅಪರಾಧದ ನೆನಪನ್ನು ಪತ್ತೆಹಚ್ಚುವ 'ಬ್ರೈನ್ ಮ್ಯಾಪಿಂಗ್' ಪರೀಕ್ಷೆಯನ್ನು 2008ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿ ವೈಜ್ಞಾನಿಕವಲ್ಲವೆಂದು ಹೇಳಿತು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ 2010ರ ಮೇ 5ರಂದು ಸರ್ವೋಚ್ಚ ನ್ಯಾಯಾಲಯವು ಇಂಥ ಪರೀಕ್ಷೆಗಳನ್ನು ಯಾರ ಮೇಲೆಯೂ ಬಲವಂತವಾಗಿ ನಡೆಸಲಾಗದೆಂದು ತೀರ್ಪಿತ್ತಿತು. ನ್ಯಾಯಾಲಯವು ಆರೋಪಿಗೆ ತೋರಿದ ಈ ಎಚ್ಚರಿಕೆಯನ್ನು ಕುಟುಂಬವು ತನ್ನ ಮಗುವಿಗೆ ತೋರಬೇಡವೇ?

ಜೈನ ಕುಟುಂಬಗಳಲ್ಲಿ ಎರಡು ಬಗೆಯ ಏಕಾಂತಗಳು ಕಾಣುತ್ತವೆ. 'ಎಲ್ಲವೂ ಮೆದುಳಿನ ರಸಾಯನ' ಎಂಬುದು ಒಂದು. 'ಎಲ್ಲವೂ ಪೂರ್ವಕರ್ಮ, ಅನುಭವಿಸಲೇಬೇಕು' ಎಂಬುದು ಇನ್ನೊಂದು. ಆಚಾರ್ಯರು ಪುದ್ಗಲದಿಂದಾದ ದ್ರವ್ಯಮನವನ್ನೂ ಜೀವದ ಉಪಯೋಗರೂಪವಾದ ಭಾವಮನವನ್ನೂ ಬೇರ್ಪಡಿಸಿ ಹೇಳಿದ್ದಾರೆ. ಇದರಿಂದ ಆಧುನಿಕ ವಿಜ್ಞಾನವೆಲ್ಲ ಆಗಮಗಳಲ್ಲಿಯೇ ಇತ್ತೆಂದು ಬೀಗುವುದು ತರವಲ್ಲ. ಒಂದು ನಯದಿಂದ ಕಂಡುದನ್ನು ಪೂರ್ಣಸತ್ಯವೆನ್ನಬಾರದೆಂಬ ಪಾಠವನ್ನಷ್ಟೇ ಕಲಿಯಬೇಕು. ಕರ್ಮೋದಯಕ್ಕೂ ನಿಮಿತ್ತವುಂಟು, ಉಪಶಮವೂ ಉಂಟು. ಜ್ವರಕ್ಕೆ ಔಷಧ ಕೊಡುವ ಶ್ರಾವಕನು ಮನೋವ್ಯಾಧಿಗೆ ಕೊಡದಿರುವುದು ಸಿದ್ಧಾಂತವಲ್ಲ, ಲೋಕಾಪವಾದದ ಭಯ. ಭಟ್ಟಾಕಲಂಕನು 1604ರಲ್ಲಿ ಶಬ್ದಾನುಶಾಸನವನ್ನು ರಚಿಸಿದ ಸ್ವಾದಿ ಪರಂಪರೆಯ ನೆಲದಲ್ಲಿ 'ಹುಚ್ಚ' ಎಂಬ ಶಬ್ದವನ್ನು ಅಳೆದು ಬಳಸುವಷ್ಟಾದರೂ ವಿವೇಕವಿರಬೇಕು.

'ಇದು ಮೆದುಳಿನ ರೋಗ' ಎಂದರೆ ಕಳಂಕ ಅಳಿಯುವುದೆಂಬ ಭಾವನೆಯೂ ಅರ್ಧಸತ್ಯ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2013ರ ಸಮೀಕ್ಷೆಯ ಪ್ರಕಾರ, ಇಂಥ ವಿವರಣೆಯಿಂದ ರೋಗಿಯನ್ನು ದೂಷಿಸುವುದು ತಗ್ಗುತ್ತದೆ. ಆದರೆ ಅವನು ಗುಣವಾಗಲಾರನೆಂಬ ನಿರಾಶೆ ಹೆಚ್ಚುತ್ತದೆ.

ಹಾಗಾದರೆ ಪ್ರಯೋಜನವಾಗುವುದು ಯಾವುದರಿಂದ? ನೆರೆಯ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲೂಕಿನಲ್ಲಿ ನಿಮ್ಹಾನ್ಸ್ ವೈದ್ಯರು 2005ರಿಂದ ಸ್ಕಿಜೋಫ್ರೇನಿಯಾ ಪೀಡಿತರನ್ನು ಅವರ ಊರುಗಳಲ್ಲಿಯೇ ಗುರುತಿಸಿ ಉಪಚರಿಸಿದರು. ಕ್ರಮವಾಗಿ ಔಷಧ ಪಡೆದವರು ನಿತ್ಯದ ಕೆಲಸಗಳಲ್ಲಿ ಚೇತರಿಸಿಕೊಂಡರು. ಆದರೆ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ವಿವಿಧ ಮನೋವ್ಯಾಧಿಗಳಿಂದ ಬಳಲುವವರಲ್ಲಿ ಶೇಕಡಾ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಕೊರತೆಯಿರುವುದು ಚಿತ್ರಗಳಿಗಲ್ಲ, ಔಷಧಕ್ಕೆ ಮತ್ತು ಜೊತೆಗಾರರಿಗೆ.

ಬಸದಿಗಳ ಟ್ರಸ್ಟ್‌ಗಳು ಇಲ್ಲಿ ಯೋಚಿಸಬೇಕು. ಯಂತ್ರಕ್ಕೆ ಹಣ ಕೊಟ್ಟರೆ ಗೋಡೆಯ ಕಲ್ಲಿನಲ್ಲಿ ದಾನಿಯ ಹೆಸರು ಉಳಿಯುತ್ತದೆ. ಸಿದ್ದಾಪುರದ ಹಳ್ಳಿಯೊಂದರ ತಾಯಿಗೆ ತಿಂಗಳಿಗೊಮ್ಮೆ ಮಗನನ್ನು ಆಸ್ಪತ್ರೆಗೆ ಕರೆದೊಯ್ಯಲು ಬಸ್ಸಿನ ಖರ್ಚು, ವರ್ಷಗಟ್ಟಲೆ ಮಾತ್ರೆ, ಜೊತೆಗೆ ಹೋಗಲು ಒಬ್ಬ ಮನುಷ್ಯ, ಇವುಗಳಿಗೆ ಕಲ್ಲಿನ ಮೇಲೆ ಹೆಸರಿಲ್ಲ. ಚತುರ್ವಿಧ ದಾನಗಳಲ್ಲಿ ಔಷಧದಾನವೆಂದರೆ ಇದೇ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಯ 14416 ದೂರವಾಣಿ ಸಂಖ್ಯೆಯನ್ನು ಬಸದಿಯ ಫಲಕದಲ್ಲಿ ಬರೆಯಿಸಲು ಕಾಸೂ ಬೇಕಿಲ್ಲ.

ಕೋಣೆಯ ಬಾಗಿಲು ಮುಚ್ಚಿ ಕುಳಿತ ಮಗುವಿನ ನೋವು ಚಿತ್ರದಲ್ಲಿ ಕಾಣದಿರಬಹುದು. ಕಾಣದ ಸೂಕ್ಷ್ಮ ಜೀವಿಗಾಗಿ ನೀರನ್ನು ಸೋಸಿ ಕುಡಿಯುವ ಸಮಾಜಕ್ಕೆ, ಕಾಣದ ನೋವನ್ನು ನಂಬುವುದು ಕಷ್ಟವಾಗಬಾರದು.