ಕಾಂಫ್ರಿಗೂ ಗೊಬ್ಬರ ಬೇಕು

ಇಂಗ್ಲೆಂಡಿನ ಸಾವಯವ ಕೈತೋಟಗಾರರಿಗೆ ಕಾಂಫ್ರಿಯ ಮೇಲಿರುವಷ್ಟು ನಂಬಿಕೆ ಬೇರೆ ಗಿಡಗಳ ಮೇಲೆ ಇದ್ದಂತಿಲ್ಲ. ಪೊದೆಯಾಗಿ ಹರಡಿ, ಅಂಗೈಗಿಂತ ದೊಡ್ಡದಾದ ಒರಟು ಎಲೆ ಬಿಟ್ಟು, ನೇರಳೆ ಬಣ್ಣದ ಗಂಟೆಯಾಕಾರದ ಹೂಗೊಂಚಲು ತೂಗುವ ಈ ಗಿಡವನ್ನು ತೋಟದ ಮೂಲೆಯಲ್ಲಿ ನೆಟ್ಟು, ಬೇಸಿಗೆಯುದ್ದಕ್ಕೂ ಸೊಪ್ಪು ಕೊಯ್ದು ಟೊಮೆಟೊ, ಆಲೂಗಡ್ಡೆಗೆ ಉಣಿಸುತ್ತಾರೆ. ನಂಬಿಕೆ ಸರಿಯಾದದ್ದೇ, ಅದಕ್ಕೆ ಕೊಡುವ ಕಾರಣ ಮಾತ್ರ ಸರಿಯಿಲ್ಲ ಎಂಬುದು ನನ್ನ ವಾದ. ಕಾಂಫ್ರಿಯ ಬೇರು ಆಳಕ್ಕಿಳಿದು, ಬೇರೆ ಗಿಡಗಳಿಗೆ ಎಟುಕದ ಖನಿಜಗಳನ್ನು ಮೇಲೆತ್ತಿ ತರುತ್ತದೆ, ಹಾಗಾಗಿ ಇದು ಪುಕ್ಕಟೆ ಗೊಬ್ಬರ ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಅದನ್ನು ನಂಬಿ, ಕೊಯ್ಯುವುದನ್ನಷ್ಟೇ ಮಾಡಿ ಪಾತಿಗೆ ಏನೂ ಹಾಕದಿದ್ದರೆ ಸೊಪ್ಪು ವರ್ಷದಿಂದ ವರ್ಷಕ್ಕೆ ಸೊರಗುತ್ತದೆ.

ಈ ಗಿಡ ತೋಟಕ್ಕೆ ಬಂದದ್ದು ಗೊಬ್ಬರಕ್ಕಾಗಿ ಅಲ್ಲ. ಎಸೆಕ್ಸ್ ಸೀಮೆಯ ಕಾಗ್ಸಾಲ್ ಎಂಬ ಊರಿನ ಹೆನ್ರಿ ಡಬಲ್‌ಡೇ 1870ರ ದಶಕದಲ್ಲಿ ಇದನ್ನು ರಷ್ಯಾದಿಂದ ತರಿಸಿದ್ದು ಅಂಚೆಚೀಟಿಗೆ ಬಳಿಯುವ ಅಂಟಿಗೆ ಇದರ ಲೋಳೆ ಆದೀತೆಂದು. ಅಂಟು ಆಗಲಿಲ್ಲ. ಬಂದ ಗಿಡಗಳು ಎರಡು ಜಾತಿಯ ಕಾಂಫ್ರಿ ತಾವಾಗಿ ಬೆರೆತು ಹುಟ್ಟಿದ ಮಿಶ್ರತಳಿಯಾಗಿದ್ದವು. ಅವುಗಳ ಬೆಳೆಯುವ ಕಸುವು ನೋಡಿ ಡಬಲ್‌ಡೇ ಉಳಿದ ಆಯುಷ್ಯವನ್ನೆಲ್ಲ ಅದಕ್ಕೇ ಕೊಟ್ಟ. 20ನೇ ಶತಮಾನದ ನಡುವೆ ಲಾರೆನ್ಸ್ ಹಿಲ್ಸ್ ಆ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡರು. 1953ರಲ್ಲಿ ರಷ್ಯನ್ ಕಾಂಫ್ರಿಯ ಬಗ್ಗೆ ಪುಸ್ತಕ ಬರೆದು, ಮರುವರ್ಷ ಡಬಲ್‌ಡೇ ಹೆಸರಿನಲ್ಲೇ ಒಂದು ಸಂಶೋಧನಾ ಸಂಘ ಕಟ್ಟಿದರು. ಇಂದಿನ ‘ಗಾರ್ಡನ್ ಆರ್ಗ್ಯಾನಿಕ್’ ಸಂಸ್ಥೆ ಅದೇ. ಎಸೆಕ್ಸ್‌ನ ಬಾಕಿಂಗ್‌ನಲ್ಲಿ ಅವರು ಹೋಲಿಸಿ ನೋಡಿದ ತಳಿಗಳಿಗೆ ಊರಿನ ಹೆಸರಿನ ಮುಂದೆ ಸಂಖ್ಯೆ ಇಟ್ಟರು. ಅವುಗಳಲ್ಲಿ ‘ಬಾಕಿಂಗ್ 14’ ಗೊಬ್ಬರಕ್ಕೆ ಹೆಸರಾಯಿತು. ಇದು ಬೀಜ ಕಟ್ಟುವುದಿಲ್ಲ, ಹಾಗಾಗಿ ತೋಟದ ತುಂಬ ಮೊಳೆತು ಕಾಟ ಕೊಡುವುದಿಲ್ಲ. ಹಳ್ಳದ ಬದಿಯಲ್ಲಿ ಬೆಳೆಯುವ ಕಾಡು ಕಾಂಫ್ರಿಯನ್ನು ಕಿತ್ತು ತಂದು ನೆಟ್ಟವರಿಗೆ ಈ ನೆಮ್ಮದಿ ಇಲ್ಲ.

ಹಿಲ್ಸ್ ಅವರ ಸಂಘ ಹಬ್ಬಿಸಿದ ಅಂಕಿಗಳನ್ನೇ ನೋಡೋಣ. ಬಾಡಿಸಿದ ಕಾಂಫ್ರಿ ಸೊಪ್ಪಿನಲ್ಲಿ ಸಾರಜನಕ ಶೇ 0.74, ರಂಜಕ ಶೇ 0.24, ಪೊಟ್ಯಾಷ್ ಶೇ 1.19. ಕೊಟ್ಟಿಗೆ ಗೊಬ್ಬರದಲ್ಲಿ ಇವು ಕ್ರಮವಾಗಿ 0.64, 0.23, 0.32. ಸಾರಜನಕ, ರಂಜಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಪೊಟ್ಯಾಷ್ ಮಾತ್ರ ಮೂರುಪಟ್ಟಿಗೂ ಮಿಕ್ಕಿದೆ. ಹೂವು ಬಿಟ್ಟು ಕಾಯಿ ಕಟ್ಟುವ ಹೊತ್ತಿನಲ್ಲಿ ಟೊಮೆಟೊ ಬೇಡುವುದು ಅದನ್ನೇ. ಆದರೆ ಈ ಪೊಟ್ಯಾಷ್ ಬರುವುದು ಎಲ್ಲಿಂದ? ಆಳದ ಜೇಡಿಮಣ್ಣಿನ ಕಣಗಳು ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಡುವುದನ್ನು ಉದ್ದ ಬೇರು ಹೀರಬಲ್ಲದು, ನಿಜ. ಆದರೂ ಯಾವ ಗಿಡಕ್ಕೇ ಆಗಲಿ, ಹೆಚ್ಚಿನ ಆಹಾರ ಸಿಗುವುದು ಮೇಲ್ಮಣ್ಣಿನಲ್ಲೇ. ಸಾರಜನಕದ ವಿಷಯದಲ್ಲಂತೂ ಅನುಮಾನಕ್ಕೆ ಎಡೆಯೇ ಇಲ್ಲ. ಕಾಂಫ್ರಿ ದ್ವಿದಳ ಧಾನ್ಯದ ಕುಲದ್ದಲ್ಲ, ಅದರ ಬೇರಿನಲ್ಲಿ ಗಂಟುಗಳಿಲ್ಲ. ಗಾಳಿಯ ಸಾರಜನಕವನ್ನು ಹಿಡಿಯುವ ದಾರಿ ಅದಕ್ಕಿಲ್ಲ. ಎಲೆಯಲ್ಲಿರುವ ಸಾರಜನಕವೆಲ್ಲ ಪಾತಿಯ ಮಣ್ಣಿನಿಂದ ಎದ್ದದ್ದು. ಹಿಲ್ಸ್ ಕೂಡ ಈ ಪಾತಿಗೆ ಧಾರಾಳವಾಗಿ ಗೊಬ್ಬರ ಹಾಕಲು ಹೇಳಿದ್ದರು. ಕಾಂಫ್ರಿಯನ್ನು ಕೊಂಡಾಡುವವರು ಆ ಸಲಹೆಯನ್ನು ಯಾಕೋ ಕೈಬಿಟ್ಟುಬಿಟ್ಟಿದ್ದಾರೆ.

ಉತ್ತರ ಕನ್ನಡದ ಅಡಿಕೆ ಬೆಳೆಗಾರರಿಗೆ ಈ ಲೆಕ್ಕ ಹೊಸದಲ್ಲ. ಅಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಸೊಪ್ಪಿನ ಬೆಟ್ಟದ ಹಕ್ಕು ಬಂದಿರುವುದೇ ತೋಟದ ಫಲವತ್ತತೆ ಬೇರೆ ನೆಲದಿಂದ ಇಳಿದು ಬರಬೇಕು ಎಂಬ ತಿಳಿವಳಿಕೆಯಿಂದ. ಬೆಟ್ಟ ಕರಗಿದರೆ ತೋಟವೂ ಕರಗುತ್ತದೆ. ಕಾಂಫ್ರಿ ಪಾತಿ ಕೈತೋಟದೊಳಗೇ ಇರುವ ಸೊಪ್ಪಿನ ಬೆಟ್ಟ. ಒಂಬತ್ತು ಎಕರೆಯ ಕೆಲಸವನ್ನು ನಾಲ್ಕು ಹೆಜ್ಜೆ ಜಾಗದಿಂದ ಕೇಳುವಾಗ ಅದಕ್ಕೂ ಉಣ್ಣಲು ಕೊಡಬೇಕು.

ಹಾಗಾದರೆ ಆ ಗೊಬ್ಬರವನ್ನು ನೇರವಾಗಿ ಟೊಮೆಟೊಗೇ ಹಾಕಬಾರದೇಕೆ, ನಡುವೆ ಕಾಂಫ್ರಿ ಯಾಕೆ? ಇದು ನ್ಯಾಯವಾದ ಪ್ರಶ್ನೆ, ಗಿಡದ ನಿಜವಾದ ಬೆಲೆ ತಿಳಿಯುವುದೂ ಇದರ ಉತ್ತರದಲ್ಲೇ. ಹಸಿ ಕೋಳಿಗೊಬ್ಬರವನ್ನು ತರಕಾರಿ ಬುಡಕ್ಕೆ ಸುರಿದರೆ ಬೇರು ಸುಡುತ್ತದೆ. ಸುಡದಿದ್ದರೂ ಟೊಮೆಟೊ ಬರೀ ಸೊಪ್ಪು ಬೆಳೆಸಿಕೊಂಡು ಕಾಯಿಯನ್ನು ಮರೆಯುತ್ತದೆ. ಕಾಂಫ್ರಿ ಆ ಹಸಿಗೊಬ್ಬರವನ್ನು, ನೀರು ಬೆರೆಸಿದ ಮೂತ್ರವನ್ನೂ, ಅಳುಕಿಲ್ಲದೆ ಅರಗಿಸಿಕೊಳ್ಳುತ್ತದೆ. ಹಿಂತಿರುಗಿಸುವುದು ನಾರು ಕಡಿಮೆಯಿರುವ, ಬೇಗ ಕೊಳೆಯುವ, ಕಳೆಬೀಜದ ಭಯವಿಲ್ಲದ ಎಲೆಯನ್ನು. ಒಣಹುಲ್ಲನ್ನು ಮಣ್ಣಿಗೆ ಸೇರಿಸಿದರೆ ಅದು ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ಕೆಲಕಾಲ ಎಳೆದುಕೊಳ್ಳುತ್ತದೆ. ಇಂಗಾಲದ ಪಾಲು ಕಡಿಮೆಯಿರುವ ಕಾಂಫ್ರಿ ಎಲೆಯಲ್ಲಿ ಆ ತೊಂದರೆ ಇಲ್ಲ. ಅದಕ್ಕೇ ಒಂದೆರಡು ದಿನ ಬಾಡಿಸಿ ಆಲೂಗಡ್ಡೆಯ ಸಾಲಿಗೆ ಹಾಸಿ, ಮೇಲೆ ಬಿತ್ತನೆ ಗಡ್ಡೆ ಇಟ್ಟು ಮಣ್ಣು ಮುಚ್ಚುವುದು.

ನೆಡುವಾಗ ಒಂದೇ ಎಚ್ಚರ: ಜಾಗ ಶಾಶ್ವತ. ಬೆರಳುದ್ದದ ಬೇರಿನ ತುಂಡು ಸಾಕು ಹೊಸ ಗಿಡಕ್ಕೆ, ಹಾಗಾಗಿ ಆಮೇಲೆ ಅಗೆದು ತೆಗೆಯಲು ಹೋದರೆ ಒಂದಿದ್ದದ್ದು ಹತ್ತಾಗುತ್ತದೆ. ಮೊದಲ ವರ್ಷ ಹೂದಂಟು ಚಿವುಟಿ, ಬೇರು ಊರಲು ಬಿಡಬೇಕು. ಎರಡನೇ ವರ್ಷದಿಂದ ನೆಲಕ್ಕಿಂತ ನಾಲ್ಕು ಬೆರಳು ಮೇಲೆ ಕೊಯ್ದರೆ ವರ್ಷಕ್ಕೆ ಮೂರು ನಾಲ್ಕು ಕೊಯ್ಲು ನಿಶ್ಚಿಂತೆಯಿಂದ ಸಿಗುತ್ತದೆ. ಎಲೆಯ ಸುಂಕು ಚರ್ಮಕ್ಕೆ ತುರಿಕೆ ತರುವುದರಿಂದ ತೋಳು ಮುಚ್ಚಿರಲಿ. ಪ್ರತಿ ಕೊಯ್ಲಿನ ಬೆನ್ನಿಗೇ ಪಾತಿಗೆ ಗೊಬ್ಬರ ಬೀಳಬೇಕು. ಸೆಪ್ಟೆಂಬರ್ ಬಂದಾಗ ಕತ್ತಿ ಕೆಳಗಿಡಬೇಕು.

ದ್ರವಗೊಬ್ಬರದ ಮೇಲಿನ ದೊಡ್ಡ ದೂರು ವಾಸನೆ. ಒಂದು ಕಿಲೋ ಸೊಪ್ಪಿಗೆ 15 ಲೀಟರ್ ನೀರಿನ ಲೆಕ್ಕದಲ್ಲಿ ನೆನೆಸಿಟ್ಟರೆ ನಾಲ್ಕೈದು ವಾರದಲ್ಲಿ ಹಾಗೆಯೇ ಎರೆಯಬಹುದಾದ ಗೊಬ್ಬರ ಸಿದ್ಧ, ಜೊತೆಗೆ ನೆರೆಮನೆಯವರೂ ಮೂಗು ಮುಚ್ಚುವ ದುರ್ನಾತ. ಗಾಳಿಯಿಲ್ಲದ ನೀರಿನಲ್ಲಿ ಎಲೆಯ ಪ್ರೋಟೀನು ಕೊಳೆಯುವುದೇ ಇದಕ್ಕೆ ಕಾರಣ. ನೀರೇ ಹಾಕದಿರುವುದು ಇದಕ್ಕಿಂತ ಒಳ್ಳೆಯ ದಾರಿ. ತಳದಲ್ಲಿ ತೂತಿರುವ ಡಬ್ಬದಲ್ಲಿ ಎಲೆ ಒತ್ತಿ ತುಂಬಿ, ಮೇಲೆ ಇಟ್ಟಿಗೆ ಹೇರಿ ಮುಚ್ಚಿಟ್ಟರೆ ಕೆಲವು ವಾರಗಳಲ್ಲಿ ಕಾಕಂಬಿಯ ಬಣ್ಣದ ರಸ ತೊಟ್ಟಿಕ್ಕುತ್ತದೆ. ವಾಸನೆ ಎಷ್ಟೋ ಕಡಿಮೆ. ಹತ್ತರಿಂದ ಇಪ್ಪತ್ತು ಪಾಲು ನೀರು ಬೆರೆಸಿ ಬುಡಕ್ಕೆ ಎರೆಯಬೇಕು.

ಇದಕ್ಕಿಂತ ತೂಕದ ಆಕ್ಷೇಪ ವಿಷದ್ದು. ಕಾಂಫ್ರಿಯಲ್ಲಿ ಪೈರೊಲಿಜಿಡಿನ್ ಆಲ್ಕಲಾಯ್ಡ್‌ಗಳಿವೆ, ಅವು ಯಕೃತ್ತನ್ನು ಕೆಡಿಸುತ್ತವೆ. ಮೂಳೆ ಕೂಡಿಸುವ ಮೂಲಿಕೆಯೆಂದು ಯುರೋಪಿನಲ್ಲಿ ಶತಮಾನಗಳಿಂದ ಬಳಸುತ್ತಿದ್ದರೂ, ಹೊಟ್ಟೆಗೆ ತೆಗೆದುಕೊಳ್ಳುವ ಕಾಂಫ್ರಿ ಉತ್ಪನ್ನಗಳನ್ನು ಮಾರುಕಟ್ಟೆಯಿಂದ ಹಿಂತೆಗೆಯಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2001ರಲ್ಲಿ ಸೂಚಿಸಿತು. ಹಾಗಾದರೆ ಗೊಬ್ಬರದ ಮೂಲಕ ತರಕಾರಿಗೂ ವಿಷ ಏರದೇ? ಇಂಥ ಆಲ್ಕಲಾಯ್ಡ್ ಇರುವ ಬೇರೊಂದು ಕಳೆಗಿಡವನ್ನು ಮುಚ್ಚಿಗೆಯಾಗಿ ಹಾಸಿದಾಗ ಮಣ್ಣಿನ ಮೂಲಕ ಅಲ್ಪಸ್ವಲ್ಪ ಪಕ್ಕದ ಗಿಡಕ್ಕೆ ಸೇರಬಲ್ಲದೆಂದು ಜರ್ಮನಿಯ ವಿಜ್ಞಾನಿಗಳು ತೋರಿಸಿದ್ದಾರೆ. ಇದನ್ನು ತಳ್ಳಿಹಾಕುವುದು ಸರಿಯಲ್ಲ, ಹೆದರಿ ಗಿಡ ಕಿತ್ತೆಸೆಯುವುದೂ ಬೇಡ. ಎಲೆಯನ್ನೇ ತಿನ್ನುವ ಲೆಟ್ಯೂಸ್, ಪಾಲಕ್‌ಗಳಿಗೆ ಕಾಂಫ್ರಿ ಹಾಸುವುದನ್ನು, ಅದರ ರಸ ಸಿಂಪಡಿಸುವುದನ್ನು ಬಿಟ್ಟು ಕಾಯಿ, ಹಣ್ಣಿನ ಗಿಡಗಳ ಬುಡಕ್ಕೆ ಮೀಸಲಿಡುವುದು ವಿವೇಕ. ಕಾಂಫ್ರಿಯ ಪಲ್ಯಕ್ಕೆ, ಕಷಾಯಕ್ಕೆ ಮಾತ್ರ ಕೈಹಾಕಲೇಬಾರದು.

ಲಂಡನ್ನಿನಲ್ಲೋ ಬರ್ಮಿಂಗ್‌ಹ್ಯಾಮ್‌ನಲ್ಲೋ ಅಂಗೈಯಗಲ ಹಿತ್ತಿಲಿರುವ ಕನ್ನಡಿಗರಿಗೆ ಬಾಕಿಂಗ್ 14ರ ಬೇರುತುಂಡು ನೆಡಲು ವಸಂತಕ್ಕಿಂತ ಒಳ್ಳೆಯ ಕಾಲವಿಲ್ಲ. ಕರ್ನಾಟಕದಲ್ಲಿರುವವರು ಚಳಿಯ ನಾಡಿನ ಈ ಗಿಡವನ್ನು ಹುಡುಕಿಕೊಂಡು ಹೋಗುವ ಅಗತ್ಯ ನನಗೆ ಕಾಣುವುದಿಲ್ಲ. ಗದ್ದೆಯ ಬದುವಿನಲ್ಲಿ ಮಳೆಗಾಲದ ಆರಂಭಕ್ಕೆ ಗೂಟ ಊರಿದರೆ ಚಿಗುರುವ ಗ್ಲಿರಿಸಿಡಿಯಾ, ನಮ್ಮ ಗೊಬ್ಬರದ ಗಿಡ, ಗಾಳಿಯ ಸಾರಜನಕವನ್ನೇ ಹಿಡಿದು ಕೊಡುತ್ತದೆ. ಕಾಂಫ್ರಿಗೆ ಆಗದ ಕೆಲಸ ಅದು. ಪೊಟ್ಯಾಷ್ ಬೇಕಿದ್ದವರು ಗೊನೆ ಕಡಿದ ಬಾಳೆಯ ದಿಂಡನ್ನು ಸೀಳಿ ಟೊಮೆಟೊ ಸಾಲಿನ ನಡುವೆ ಹಾಸಲಿ.